ಮಾತು ಬರದ ಮಗುವಿನ ಮನೆಯಿಂದ ಕನ್ನಡ ಓಡಿಸೋಕೆ ಇವರ್ಯಾರು?

"ಮನೇಲಿ ಎರಡು ಭಾಷೆ ಇರೋದ್ರಿಂದ್ಲೇ ಮಗು ಗೊಂದಲ ಆಗಿದೆ. ನಾಳೆಯಿಂದ ಕನ್ನಡ ನಿಲ್ಸಿ, ತಮಿಳು ಮಾತ್ರ ಮಾತಾಡಿ."

ನೆಗಮಂ, ಪೊಳ್ಳಾಚಿ, ಕಿಣತ್ತುಕಡವು ಸುತ್ತಮುತ್ತ ಕನ್ನಡ ಮಾತಾಡೋ ಮನೆಗಳಲ್ಲಿ ಮಾತು ತಡವಾದ ಮಗು, ಆಟಿಸಂ ಇರೋ ಮಗು, ಡೌನ್ ಸಿಂಡ್ರೋಮ್ ಇರೋ ಮಗು ಇದ್ದರೆ ವಿಚಾರಿಸಿ ನೋಡಿ. ಈ ಉಪದೇಶ ಸಿಕ್ಕಿರೋ ತಾಯಂದಿರು ಸಿಕ್ಕೇ ಸಿಗ್ತಾರೆ. ಹೇಳಿದವರು ಒಳ್ಳೆ ಮನಸ್ಸಿಂದಲೇ ಹೇಳಿರ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಹೇಳಿದ್ದು ತಪ್ಪು. ಆ ತಪ್ಪಿನ ಬೆಲೆ ಕೊಡ್ತಿರೋದು ನಮ್ಮ ಮಗು.

ಮೊದಲು ಈ ಉಪದೇಶದ ಬುಡ ನೋಡೋಣ. ಎರಡು ಭಾಷೆ ಕೇಳಿ ಬೆಳೆದರೆ ಮಾತು ನಿಂತುಹೋಗುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಕೆನಡಾದ ಸಂಶೋಧಕರು ಡೌನ್ ಸಿಂಡ್ರೋಮ್ ಇರೋ ಮಕ್ಕಳನ್ನ ಹೋಲಿಸಿ ನೋಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಎರಡು ಭಾಷೆಯಲ್ಲಿ ಬೆಳೆದ ಮಕ್ಕಳು, ಒಂದೇ ಭಾಷೆಯಲ್ಲಿ ಬೆಳೆದ ಅಂಥದೇ ಮಕ್ಕಳಿಗಿಂತ ಇಂಗ್ಲಿಷ್‌ನಲ್ಲಿ ಹಿಂದೆ ಬಿದ್ದಿರಲಿಲ್ಲ. ಆಟಿಸಂ ಮಕ್ಕಳ ವಿಚಾರದಲ್ಲೂ ಆಮೇಲೆ ಬಂದ ಅಧ್ಯಯನಗಳು ಇದೇ ದಿಕ್ಕಲ್ಲಿ ಇವೆ. ಮಾತು ತಡವಾಗೋಕೆ ಕಾರಣ ಬೇರೆ ಇರುತ್ತೆ: ಕಿವಿ ಕೇಳದೇ ಇರಬಹುದು, ಆಟಿಸಂ ಇರಬಹುದು, ಬುದ್ಧಿ ಬೆಳವಣಿಗೆ ನಿಧಾನ ಇರಬಹುದು. ಅಜ್ಜಿ ಕನ್ನಡ ಮಾತಾಡಿದ್ದು ಕಾರಣ ಅಲ್ಲ.

ಇನ್ನು ಆ ಮನೆಯೊಳಗೆ ಏನಾಗುತ್ತೆ ನೋಡಿ. ಅಪ್ಪ ಅಮ್ಮ ಇಬ್ಬರೂ ಮಗ್ಗದ ಮುಂದೆ. ದಿನವಿಡೀ ಮಗುವಿನ ಜೊತೆ ಇರೋದು ಅಜ್ಜಿ. ಅಜ್ಜಿ ಸಂತೆಗೆ, ಅಂಗಡಿಗೆ ಬೇಕಾದಷ್ಟು ತಮಿಳು ಬಲ್ಲಳು; ಮಗುವನ್ನ ಮುದ್ದು ಮಾಡೋಕೆ, ಗದರೋಕೆ, ಲಾಲಿ ಹಾಡೋಕೆ ಅವಳ ಬಾಯಿಗೆ ಬರೋದು ಕನ್ನಡವೇ. ನಮ್ಮ ದೇವಾಂಗರ ಕನ್ನಡ, ಅನುಪ್ಪರ ಕನ್ನಡ, ಒಕ್ಕಲಿಗರ ಕನ್ನಡ. ಬೆಂಗಳೂರಿನವರು ಕೇಳಿದ್ರೆ ನಗಬಹುದು, ನಗಲಿ ಬಿಡಿ. "ಕನ್ನಡ ಬೇಡ" ಅಂದ ದಿನದಿಂದ ಅಜ್ಜಿ ಬಾಯಿ ಮುಚ್ಚಿಕೊಳ್ತಾಳೆ. ತಾನು ಮಾತಾಡಿದ್ರೆ ಮೊಮ್ಮಗುವಿಗೆ ಕೆಟ್ಟದಾಗುತ್ತೆ ಅಂತ ಹೆದರ್ತಾಳೆ. ಮಾತು ಕಲಿಬೇಕಾದ ಮಗುವಿನ ಜೊತೆ ಅತಿ ಹೆಚ್ಚು ಮಾತಾಡ್ತಿದ್ದವರನ್ನೇ ಸುಮ್ಮನಿರಿಸೋದು ಯಾವ ಚಿಕಿತ್ಸೆ ಸ್ವಾಮಿ?

ಈಗ ಪರೀಕ್ಷೆ ವಿಷಯ. ಇಲ್ಲಿ ಬಹಳ ಜನ ನಮಗೆ ಒಂದು ಪ್ರಶ್ನೆ ಹಾಕ್ತಾರೆ, ನಮ್ಮವರೂ ಹಾಕ್ತಾರೆ: "ನಿಮಗೆಲ್ಲಾ ತಮಿಳು ಚೆನ್ನಾಗೇ ಬರುತ್ತಲ್ಲಾ, ಮತ್ಯಾಕೆ ಈ ಗಲಾಟೆ?" ಬರುತ್ತೆ. ನನಗೆ ಬರುತ್ತೆ, ನಿಮಗೆ ಬರುತ್ತೆ, ಮಗುವಿನ ತಾಯಿಗೂ ಬರುತ್ತೆ. ಮೂರು ವರ್ಷದ ಮಗುವಿಗೆ ಒಟ್ಟು ಹತ್ತು ಮಾತು ಗೊತ್ತಿದ್ದು ಹತ್ತೂ ಕನ್ನಡದ್ದೇ ಆಗಿದ್ರೆ? "ತಣ್ಣಿ ಎಂಗೆ?" ಅಂತ ಕೇಳಿದ್ರೆ ಅದು ಸುಮ್ಮನೆ ನೋಡುತ್ತೆ. "ನೀರೆಲ್ಲಿ?" ಅಂದ್ರೆ ಚೊಂಬಿನ ಕಡೆ ಕೈ ತೋರಿಸುತ್ತೆ. ಮೊದಲ ಪ್ರಶ್ನೆ ಮಾತ್ರ ಕೇಳಿದವರು ಕಾಗದದಲ್ಲಿ ಬರೆಯೋದು "ಅರ್ಥ ಆಗಲ್ಲ" ಅಂತ.

ಉಚ್ಚಾರದ ಪರೀಕ್ಷೆ ಇನ್ನೂ ವಿಚಿತ್ರ. ತಮಿಳಿನ ಪಾಲ್ ನಮ್ಮಲ್ಲಿ ಹಾಲು, ಕೆಲವು ಮನೆಗಳಲ್ಲಿ ಆಲು. ಪಲ್ಲು ಅಂದ್ರೆ ಹಲ್ಲು, ಪೂ ಅಂದ್ರೆ ಹೂವು, ವಾ ಅಂದ್ರೆ ಬಾ. ತಮಿಳು ಪಟ್ಟಿ ಹಿಡಿದು ಕೂತವರಿಗೆ ಈ ಮಗು ಪಕಾರ ನುಂಗುತ್ತೆ, ವಕಾರದ ಬದಲು ಬಕಾರ ಹೇಳುತ್ತೆ ಅಂತಲೇ ಕೇಳಿಸುತ್ತೆ. ಹಳಗನ್ನಡದ ಪಾಲ್ ಹಾಲಾಗಿ ಶತಮಾನಗಳೇ ಆದವು. ಅದನ್ನ ಮಗುವಿನ ನಾಲಿಗೆಯ ದೋಷ ಅಂತ ಬರೆದುಕೊಂಡು ತಿದ್ದೋಕೆ ಹೊರಟ್ರೆ ಅಲ್ಲಿಗೆ ಆಯ್ತು.

ಇದಕ್ಕೆ ಸಾಮಾನು ಇಲ್ವಾ ಅಂದ್ರೆ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಶುರುವಾದದ್ದು. ಕನ್ನಡ ಉಚ್ಚಾರ ಪರೀಕ್ಷೆ 1972ರಷ್ಟು ಹಿಂದೆಯೇ ತಯಾರಾಗಿದೆ. ಬುದ್ಧಿಮಟ್ಟ ಅಳೆಯೋಕೆ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಇವತ್ತಿಗೂ ಬಳಸೋದು ಬಿನೆ-ಕಾಮತ್ ಪರೀಕ್ಷೆ. ಅದನ್ನ ವಿ.ವಿ. ಕಾಮತ್ ಅವರು ಸಿದ್ಧಪಡಿಸಿದ್ದು ಯಾವ ಮಕ್ಕಳ ಮೇಲೆ ಗೊತ್ತಾ? ಕನ್ನಡ ಮತ್ತು ಮರಾಠಿ ಮಾತಾಡೋ ಮಕ್ಕಳ ಮೇಲೆ. ಅದರ ಲೇಖನ ಬಂದದ್ದು 1934ರಲ್ಲಿ. ಅಂದ್ರೆ ಕನ್ನಡದ ಮಕ್ಕಳನ್ನ ಕೂರಿಸಿಕೊಂಡು ಮಾಡಿದ ಪರೀಕ್ಷೆ ಊರೆಲ್ಲಾ ಸುತ್ತಿ ಬಂದು, ಕನ್ನಡದ ಮಗುವಿಗೇ ಬೇರೆ ಭಾಷೆಯಲ್ಲಿ ನಡೆಯುತ್ತೆ. ನಗಬೇಕೋ ಅಳಬೇಕೋ ಗೊತ್ತಾಗಲ್ಲ.

ಈ ಕಾಗದ ಬರೀ ಕಾಗದ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯ ಇದೆ. ಬಹುತೇಕ ಸೌಲಭ್ಯಕ್ಕೆ 40 ಪರ್ಸೆಂಟ್ ಗೆರೆ. ಆ ಪರ್ಸೆಂಟೇ ಯುಡಿಐಡಿ ಕಾರ್ಡಲ್ಲಿ ಬರುತ್ತೆ. ತಿಂಗಳ ನಿರ್ವಹಣಾ ಭತ್ಯೆ, ಶಾಲೆಯ ಸೌಲಭ್ಯ, ವಿಮೆ ಎಲ್ಲಾ ಅದರ ಹಿಂದೆ. ತಮಿಳುನಾಡು ಸರ್ಕಾರ ಬುದ್ಧಿಮಾಂದ್ಯ ಮಕ್ಕಳಿಗೂ ತೀವ್ರ ವೈಕಲ್ಯ ಇರೋರಿಗೂ ತಿಂಗಳಿಗೆ 2000 ರೂಪಾಯಿ ಕೊಡ್ತಿದೆ. ನಿಜ ಹೇಳ್ಬೇಕು ಅಂದ್ರೆ ಈ ವಿಷಯದಲ್ಲಿ ತಮಿಳುನಾಡು ಬೇರೆ ಎಷ್ಟೋ ರಾಜ್ಯಗಳಿಗಿಂತ ಮೇಲು. ಟೌನ್ ಬಸ್ಸಲ್ಲಿ 2021ರಿಂದ ಹೆಂಗಸರಿಗೂ ಟಿಕೆಟ್ ಇಲ್ಲ, ವಿಕಲಚೇತನರಿಗೂ ಅವರ ಜೊತೆ ಹೋಗೋರಿಗೂ ಇಲ್ಲ. ವಿಶ್ವ ಬ್ಯಾಂಕ್ ನೆರವಿನ ಟಿಎನ್ ರೈಟ್ಸ್ ಯೋಜನೆಯಲ್ಲಿ ಮನೆಮನೆ ಸಮೀಕ್ಷೆ, ಥೆರಪಿ ಒಂದೇ ಕಡೆ ಸಿಗೋ 'ವಿಳುದುಗಳ್' ಕೇಂದ್ರಗಳು ಬಂದಿವೆ. ಹಾಗಾಗಿ ನಮ್ಮ ಜಗಳ ತಮಿಳಿನ ಜೊತೆ ಅಲ್ಲ, ತಮಿಳರ ಜೊತೆ ಅಲ್ಲವೇ ಅಲ್ಲ. ಮಾಡೋ ಒಳ್ಳೆ ಕೆಲಸದೊಳಗೆ "ಮನೆಯ ಭಾಷೆ ಯಾವುದು?" ಅನ್ನೋ ಒಂದು ಸಾಲು ಸೇರಿಸಿ ಅನ್ನೋದೇ ಬೇಡಿಕೆ. 2011ರ ಜನಗಣತಿ ಪ್ರಕಾರ ಈ ರಾಜ್ಯದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 12.8 ಲಕ್ಷ. ಅದೇ ಗಣತಿಯಲ್ಲಿ ವಿಕಲಚೇತನರು ಸುಮಾರು 11.8 ಲಕ್ಷ. ಇವೆರಡೂ ಸೇರೋ ಜಾಗದಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಯಾವ ಆಫೀಸೂ ನಮಗೆ ಹೇಳಿಲ್ಲ.

ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸೋ ಅನುಕೂಲ ಮಾಡಿ ಅನ್ನುತ್ತೆ. 1956ರ ಏಳನೇ ತಿದ್ದುಪಡಿಯಲ್ಲಿ ಬಂದದ್ದು. ಶಾಲೆ ವಿಷಯದಲ್ಲಿ ನಾವು ಇದನ್ನ ನೂರು ಸಲ ಹೇಳಿದ್ದೀವಿ. ಸಮಗ್ರ ಶಿಕ್ಷಣದ ಬ್ಲಾಕ್ ಕೇಂದ್ರಕ್ಕೆ ಹೋಗೋ ಮಗು, ಮನೆಗೇ ವಿಶೇಷ ಶಿಕ್ಷಕರು ಬರೋ ಮಗು, ಅದೂ ಪ್ರಾಥಮಿಕ ಹಂತದ ಮಗುವೇ ಅಲ್ವಾ? ಅದಕ್ಕೆ ಈ ವಿಧಿ ಅನ್ವಯ ಆಗಲ್ಲ ಅಂತ ಎಲ್ಲಿ ಬರೆದಿದೆ?

ಸರ್ಕಾರವನ್ನ ಬೈದಿದ್ದಾಯ್ತು. ಈಗ ನಮ್ಮ ಕಡೆ ಬರೋಣ, ಕೋಪ ಮಾಡ್ಕೋಬೇಡಿ.

ನಮ್ಮ ಪೇಜುಗಳಲ್ಲಿ ಅಂಗಡಿ ಬೋರ್ಡಲ್ಲಿ ಕನ್ನಡ ಇಲ್ಲ ಅಂತ ಪೋಸ್ಟ್ ಹಾಕಿದ್ರೆ ಐನೂರು ಶೇರ್. ರಾಜ್ಯೋತ್ಸವಕ್ಕೆ ಬಾವುಟ, ಮೆರವಣಿಗೆ, ಡಿಜೆ. ನೆಗಮಂ ಸೀರೆಗೆ ಜಿಐ ಟ್ಯಾಗ್ ಸಿಕ್ಕಾಗ ಎಷ್ಟು ಸಂಭ್ರಮ ಪಟ್ವಿ! ಆ ಸೀರೆ ನೇಯೋ ಮನೇಲಿ ಹದಿನಾಲ್ಕು ವರ್ಷದ ಮಗ ಮಗ್ಗದ ಪಕ್ಕ ಚಾಪೆ ಮೇಲೆ ಮಲಗಿದ್ದಾನೆ, ಅವನಿಗೆ ಒಂದು ಗಾಲಿಕುರ್ಚಿ ಇದೆಯಾ ಅಂತ ಯಾವ ಸಂಘ ಕೇಳಿದೆ? ಚೌಡೇಶ್ವರಿ ಹಬ್ಬಕ್ಕೆ ಮನೆಮನೆಗೂ ಹೋಗಿ ವಂತಿಗೆ ಎತ್ತೋರಿಗೆ ಯಾವ ಮನೇಲಿ ಯಾವ ಮಗು ಇದೆ ಅಂತ ಚೆನ್ನಾಗಿ ಗೊತ್ತು. ಆದ್ರೆ ಸಮೀಕ್ಷೆಯವರು ಬಂದಾಗ "ನಮ್ಮ ಬೀದೀಲಿ ಅಂಥೋರು ಯಾರೂ ಇಲ್ಲ" ಅಂತಾರೆ. ಯಾಕೆ? ಅಕ್ಕನ ಸಂಬಂಧ ಮುರಿದು ಹೋಗುತ್ತೆ, ಮನೆತನದ ಹೆಸರು ಹಾಳಾಗುತ್ತೆ. ಸೋದರಮಾವನಿಗೆ, ಅಕ್ಕನ ಮಗನಿಗೆ ಕೊಟ್ಟು ತಂದು ಮಾಡೋ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಹತ್ತಿರದ ರಕ್ತಸಂಬಂಧದ ಮದುವೆಯಲ್ಲಿ ಕೆಲವು ಹುಟ್ಟು ಕಾಯಿಲೆ, ಕಿವುಡುತನದ ಅಪಾಯ ಹೆಚ್ಚು ಅಂತ ಡಾಕ್ಟರುಗಳು ಹೇಳ್ತಾನೇ ಬಂದಿದ್ದಾರೆ. ಅದನ್ನ ಸಂಘದ ಸಭೆಯಲ್ಲಿ ಎತ್ತಿದ್ರೆ ಹಿರಿಯರು ಎದ್ದು ಹೋಗ್ತಾರೆ. ಆದ್ರೆ ಮಗು ಹೀಗೆ ಹುಟ್ಟಿದ್ರೆ ತಪ್ಪು ಸೊಸೆಯದ್ದು.

ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಹೆಸರು ನಮ್ಮ ಸಂಘಗಳವರಿಗೆಲ್ಲಾ ಗೊತ್ತು. ಕಾರ್ಯಕ್ರಮಕ್ಕೆ, ಭವನಕ್ಕೆ ಅರ್ಜಿ ಬರೆಯೋದ್ರಲ್ಲಿ ನಮ್ಮವರು ನಿಪುಣರು. ತಿಂಗಳಿಗೆ ಎರಡು ದಿನ ಕನ್ನಡ ಬಲ್ಲ ಸ್ಪೀಚ್ ಥೆರಪಿಸ್ಟ್ ಕೊಡಿ ಅಂತ ಬರೆದ ಸಂಘ ಒಂದನ್ನೂ ನಾನು ಕಂಡಿಲ್ಲ. ಮೈಸೂರಿಗೆ ಹೋಗೋಣ ಅಂದ್ರೆ ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ಮೇಲೆ, ಸತ್ಯಮಂಗಲದ ಕಡೆಯಿಂದ ಹೋದ್ರೆ ದಿಂಬಂ ಘಾಟಿಯ 27 ತಿರುವು, ಎರಡು ದಿನ ಮಗ್ಗ ನಿಂತ್ರೆ ಆ ವಾರದ ಕೂಲಿ ಖೋತಾ. ಆದ್ರೆ ಆ ಸಂಸ್ಥೆ ಕೇಂದ್ರ ಸರ್ಕಾರದ್ದು, ತಮಿಳುನಾಡಿನವರು ಅಂತ ಬಾಗಿಲು ಹಾಕಲ್ಲ. ಫೋನಲ್ಲಿ, ವಿಡಿಯೋದಲ್ಲಿ ಥೆರಪಿ ಹೇಳಿಕೊಡೋ ಟೆಲಿ ವಿಭಾಗವೂ ಅಲ್ಲಿದೆ. ಒಂದು ಸಲ ಹೋಗಿ ಪರೀಕ್ಷೆ ಮಾಡಿಸಿ ಬಂದು, ಆಮೇಲೆ ಮನೆಯಿಂದಲೇ ಮುಂದುವರಿಸೋಕೆ ಆಗುತ್ತಾ ಅಂತ ಕೇಳಬಹುದು. ಸಂಘದ ಹಾಲ್‌ನಲ್ಲಿ ಒಂದು ದೊಡ್ಡ ಟಿವಿ, ಇಂಟರ್ನೆಟ್ ಇದ್ರೆ ಸಾಕು. ಮದುವೆ ಸೀಸನ್ ಬಿಟ್ರೆ ಹಾಲ್ ಖಾಲಿನೇ ತಾನೇ ಇರೋದು?

ಇನ್ನೊಂದು ವಿಷಯ ನಾನು ಬ್ಯಾಂಕ್ ಕೌಂಟರಲ್ಲಿ ಕೂರೋನಾದ್ದರಿಂದ ಹೇಳಲೇಬೇಕು. ಮಗನಿಗೆ ಹದಿನೆಂಟು ತುಂಬಿದ ದಿನ ಅಪ್ಪ ಅಮ್ಮ ಕಾನೂನಿನ ಪ್ರಕಾರ ಅವನ ಪೋಷಕರಲ್ಲ. ಬುದ್ಧಿಮಾಂದ್ಯ ಇರ್ಲಿ, ಆಟಿಸಂ ಇರ್ಲಿ, ಕಾನೂನು ಅವನನ್ನ ವಯಸ್ಕ ಅನ್ನುತ್ತೆ. ಭತ್ಯೆ ಅವನ ಖಾತೆಗೆ ಬರುತ್ತೆ, ಸಹಿ ಮಾಡೋಕೆ ಅವನಿಗೆ ಬರಲ್ಲ, ತಾಯಿ ಸಹಿ ನಡೆಯಲ್ಲ. "ಕೋರ್ಟಿಗೆ ಹೋಗಿ ಆರ್ಡರ್ ತನ್ನಿ" ಅಂತ ವಾಪಸ್ ಕಳಿಸೋ ಶಾಖೆಗಳಿವೆ. ಕೋರ್ಟಿಗೆ ಹೋಗ್ಬೇಕಾಗಿಲ್ಲ! 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇರೋರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಪೋಷಕರನ್ನ ನೇಮಿಸಬಹುದು. ಆ ಸಮಿತಿಗೆ ಮುಖ್ಯಸ್ಥರು ಜಿಲ್ಲಾ ಕಲೆಕ್ಟರ್. ಆ ಸಮಿತಿ ಕೊಡೋ ಪೋಷಕತ್ವದ ಸರ್ಟಿಫಿಕೇಟ್ ನಂಬಿ ಖಾತೆ ತೆರೀಬಹುದು, ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ 2007ರಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. ಶಾಖೆಯಲ್ಲಿ ಈ ಮಾಹಿತಿ ಹಾಕಿ ಅಂತಲೂ ಹೇಳಿದೆ. ಮ್ಯಾನೇಜರ್ ತಲೆ ಆಡಿಸಿದ್ರೆ ಆ ಸುತ್ತೋಲೆ ಕೇಳಿ, ಇಲ್ಲ ಅಂದ್ರೆ ಬರವಣಿಗೆಯಲ್ಲಿ ಕೊಡಿ ಅನ್ನಿ. ಬರೆದು ಕೊಡೋ ಮಾತು ಬಂದ ಕೂಡಲೇ ಧಾಟಿ ಬದಲಾಗುತ್ತೆ.

ಅದೇ ನ್ಯಾಷನಲ್ ಟ್ರಸ್ಟಿನ 'ನಿರಾಮಯ' ವಿಮೆಯೂ ಇದೆ. ಅದೇ ನಾಲ್ಕು ಬಗೆಯವರಿಗೆ ವರ್ಷಕ್ಕೆ 1 ಲಕ್ಷದವರೆಗೆ, ಕಟ್ಟೋದು ಕೆಲವೇ ನೂರು ರೂಪಾಯಿ, ಥೆರಪಿ ಖರ್ಚಿಗೂ ಅದರಲ್ಲಿ ಪಾಲಿದೆ. ಸಂಬಳದವರಿಗೆ 80ಡಿಡಿ ಅಡಿ 75,000 ರೂಪಾಯಿ, ತೀವ್ರ ವೈಕಲ್ಯ ಆದ್ರೆ 1,25,000 ರೂಪಾಯಿ ಆದಾಯ ತೆರಿಗೆ ಕಡಿತ ಇದೆ, ಅದೂ ಹಳೇ ಪದ್ಧತಿಯಲ್ಲಿ ಮಾತ್ರ. ತೆರಿಗೆ ಕಟ್ಟೋಷ್ಟು ಕೂಲಿ ಯಾವ ನೇಕಾರನಿಗೆ ಬರುತ್ತೆ ಅಂತ ಕೇಳಬೇಡಿ, ಕಾನೂನು ಮಾಡಿದವರನ್ನ ಕೇಳಿ.

ಮುಂದೇನು? ಸಂವಿಧಾನದ 350ನೇ ವಿಧಿ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವ ಭಾಷೆಯಲ್ಲಾದ್ರೂ ಸರ್ಕಾರಕ್ಕೆ ಮನವಿ ಕೊಡಬಹುದು. ಕೊಯಮತ್ತೂರು ಕಲೆಕ್ಟರ್ ಆಫೀಸಲ್ಲಿ ಸೋಮವಾರದ ಕುಂದುಕೊರತೆ ದಿನ ಕನ್ನಡದಲ್ಲಿ ಬರೆದು, ಜೊತೆಗೆ ತಮಿಳು ಅನುವಾದ ಇಟ್ಟು ಕೊಡೋಣ. ಓದೋರಿಗೆ ಅನುಕೂಲ ಆಗಲಿ, ಹಟ ಯಾಕೆ? ಕೇಳೋದು ಮೂರೇ: ಸಮೀಕ್ಷೆ ಮತ್ತು ಪರೀಕ್ಷೆಯ ನಮೂನೆಯಲ್ಲಿ ಮನೆಯ ಭಾಷೆ ಬರೀಬೇಕು, ಕನ್ನಡ ಮನೆಯ ಚಿಕ್ಕ ಮಗುವಿನ ಪರೀಕ್ಷೆ ಕನ್ನಡ ಬಲ್ಲವರಿಂದ, ಇಲ್ಲದಿದ್ದರೆ ಮನೆಯವರೊಬ್ಬರು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಕೇಳೋ ಹಾಗೆ ನಡೀಬೇಕು, "ಮನೆ ಭಾಷೆ ಬಿಡಿ" ಅನ್ನೋ ಉಪದೇಶ ನಿಲ್ಲಿಸೋಕೆ ಸುತ್ತೋಲೆ ಹೊರಡಬೇಕು. ಒಂದು ಪ್ರತಿ ಚೆನ್ನೈನ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಪ್ರಾದೇಶಿಕ ಕಚೇರಿಗೂ ಹೋಗಲಿ.

ಮನವಿಗೆ ತೂಕ ಬರ್ಬೇಕಾದ್ರೆ ಲೆಕ್ಕ ಬೇಕು. ನೆಗಮಂ, ಪೊಳ್ಳಾಚಿ, ಉಡುಮಲೈ, ಪಲ್ಲಡಂ ಕಡೆ ಇರೋರು ಇನ್‌ಬಾಕ್ಸ್‌ಗೆ ಬರೀರಿ: ಊರು, ಮಗುವಿನ ವಯಸ್ಸು, ಯುಡಿಐಡಿ ಕಾರ್ಡ್ ಇದೆಯೋ ಇಲ್ವೋ, ಪರೀಕ್ಷೆ ಯಾವ ಭಾಷೆಯಲ್ಲಿ ಆಯ್ತು, ಕನ್ನಡ ನಿಲ್ಲಿಸಿ ಅಂತ ಯಾರಾದ್ರೂ ಹೇಳಿದ್ರಾ. ಕಾಮೆಂಟಲ್ಲಿ ಮಗುವಿನ ಹೆಸರು ಹಾಕಬೇಡಿ, ಫೋಟೋ ಬೇಡವೇ ಬೇಡ. ಕನ್ನಡ ಅಕ್ಷರ ಬರಲ್ಲ ಅಂದ್ರೆ ತಮಿಳು ಅಕ್ಷರದಲ್ಲೇ ಬರೀರಿ, ಇಲ್ಲ ವಾಯ್ಸ್ ಮೆಸೇಜ್ ಹಾಕಿ. ನಮ್ಮಲ್ಲಿ ಓದ್ಕೊಳ್ಳೋರು ಇದ್ದಾರೆ.