ಕಾಡು ಕಾಯ್ದ ಚಿಣ್ಣಪ್ಪ

ಪ್ರತಿ ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ‘ನಾನು ಮೆಚ್ಚಿದ ವ್ಯಕ್ತಿ’ ಎಂಬ ಪ್ರಬಂಧ ಬರೆಯಲು ಹೇಳುತ್ತೇನೆ. ಕ್ರಿಕೆಟ್ ಆಟಗಾರರು, ಸಿನಿಮಾ ನಟರು, ಅಬ್ದುಲ್ ಕಲಾಂ, ಮದರ್ ತೆರೇಸಾ ಎಲ್ಲರೂ ಬರುತ್ತಾರೆ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಟೀಚರ್, ನೀವು ಮೆಚ್ಚಿದ ವ್ಯಕ್ತಿ ಯಾರು?” ಎಂದು ಕೇಳಿದಳು. ನಾನು “ಕೆ.ಎಂ. ಚಿಣ್ಣಪ್ಪ” ಎಂದೆ. ತರಗತಿ ಮೌನವಾಯಿತು. ಯಾರಿಗೂ ಆ ಹೆಸರು ಗೊತ್ತಿರಲಿಲ್ಲ. “ಅವರು ಏನಾಗಿದ್ದರು?” ಎಂಬ ಪ್ರಶ್ನೆ ಬಂತು. “ಅರಣ್ಯ ಇಲಾಖೆಯಲ್ಲಿ ರೇಂಜರ್ ಆಗಿದ್ದರು” ಎಂದಾಗ ಕೆಲವರ ಮುಖದಲ್ಲಿ ‘ಅಷ್ಟೇನಾ?’ ಎಂಬ ಭಾವ ಕಂಡೆ. ಆ ‘ಅಷ್ಟೇನಾ?’ ಎಂಬುದಕ್ಕೆ ಉತ್ತರವಾಗಿ ಈ ಲೇಖನ ಬರೆಯುತ್ತಿದ್ದೇನೆ.

ಚಿಣ್ಣಪ್ಪನವರು 1941ರಲ್ಲಿ ದಕ್ಷಿಣ ಕೊಡಗಿನ ಶ್ರೀಮಂಗಲದ ಹತ್ತಿರದ ಕುಮಟೂರಿನಲ್ಲಿ ಹುಟ್ಟಿದರು. ಕಾಡಿನ ಅಂಚಿನ ಊರು. 1967ರಲ್ಲಿ ಅರಣ್ಯ ಇಲಾಖೆಗೆ ಕೆಳಹಂತದ ಅಧಿಕಾರಿಯಾಗಿ ಸೇರಿದರು. ಮುಂದೆ ವಲಯ ಅರಣ್ಯಾಧಿಕಾರಿಯಾಗಿ, 1993ರಲ್ಲಿ ಸ್ವಯಂ ನಿವೃತ್ತಿ ಪಡೆಯುವವರೆಗೆ ಸೇವೆಯ ಬಹುಪಾಲನ್ನು ನಾಗರಹೊಳೆಯಲ್ಲೇ ಕಳೆದರು. ಬಡ್ತಿಯ ಏಣಿಯಲ್ಲಿ ಅವರು ಬಹಳ ಮೇಲೆ ಹೋದವರಲ್ಲ. ಆದರೆ ಇಂದು ನಾಗರಹೊಳೆಯ ಬಗ್ಗೆ ಮಾತನಾಡುವ ಯಾರೂ ಅವರ ಹೆಸರನ್ನು ಬಿಟ್ಟು ಮಾತನಾಡಲಾರರು.

ಇಂದಿನ ನಾಗರಹೊಳೆಗೆ ಸಫಾರಿಗೆ ಹೋಗುವವರು ಆನೆಗಳ ಹಿಂಡು, ಕಾಡುಕೋಣ, ಜಿಂಕೆಗಳ ಸಾಲು, ಅದೃಷ್ಟವಿದ್ದರೆ ಹುಲಿಯನ್ನೂ ನೋಡಿ ಬರುತ್ತಾರೆ. ಈ ಕಾಡು ಯಾವಾಗಲೂ ಹೀಗೆಯೇ ಇತ್ತೆಂದು ಭಾವಿಸುತ್ತಾರೆ. ಚಿಣ್ಣಪ್ಪನವರು ಕೆಲಸಕ್ಕೆ ಸೇರಿದಾಗ ಇಲ್ಲಿ ಪ್ರಾಣಿ ಕಾಣುವುದೇ ಅಪರೂಪವಾಗಿತ್ತು. ಕಾಡಿನ ಒಳಗಿನ ಹಡ್ಲುಗಳಲ್ಲಿ ಭತ್ತದ ಬೇಸಾಯ ನಡೆಯುತ್ತಿತ್ತು. ಊರಿನ ದನಗಳು ಕಾಡಿನಲ್ಲಿ ಮೇಯುತ್ತಿದ್ದವು. ಕೋವಿಯ ಬೇಟೆ, ಉರುಳು ಹಾಕುವುದು, ತೇಗ ಮತ್ತು ಬೀಟೆ ಮರಗಳ ಕಳ್ಳಸಾಗಣೆ ಸಾಮಾನ್ಯವಾಗಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1973ರಲ್ಲಿ ಹುಲಿ ಯೋಜನೆ ಆರಂಭವಾಗಿ ಪಕ್ಕದ ಬಂಡೀಪುರ ಅದರ ಮೊದಲ ಒಂಬತ್ತು ಕಾಡುಗಳಲ್ಲಿ ಒಂದಾಯಿತು. ಆದರೆ ಕಾಗದದ ಮೇಲಿನ ಕಾಯಿದೆ ತಾನಾಗಿ ಎದ್ದು ಹೋಗಿ ಕಳ್ಳಬೇಟೆಗಾರನ ಕೈ ಹಿಡಿಯುವುದಿಲ್ಲ. ಅದಕ್ಕೆ ರಾತ್ರಿ ಮಳೆಯಲ್ಲಿ ಎದ್ದು ನಡೆಯುವ ಮನುಷ್ಯ ಬೇಕು.

ಚಿಣ್ಣಪ್ಪನವರು ಆ ಮನುಷ್ಯನಾದರು. ತಮ್ಮ ಕೈಕೆಳಗಿನ ಗಾರ್ಡುಗಳು ಮತ್ತು ವಾಚರುಗಳ ಜೊತೆ ಕಾಡನ್ನು ಕಾಲ್ನಡಿಗೆಯಲ್ಲಿ ಸುತ್ತಿದರು. ಉರುಳುಗಳನ್ನು ಕಿತ್ತರು, ಕೋವಿಗಳನ್ನು ಹಿಡಿದರು. ಬೇಟೆಗಾರ ದೊಡ್ಡ ಮನೆತನದವನೇ, ಪರಿಚಯದವನೇ ಎಂದು ನೋಡಲಿಲ್ಲ. ತಮ್ಮದೇ ಜಿಲ್ಲೆಯ, ತಮ್ಮದೇ ಜನರ ನಡುವೆ ಹೀಗೆ ನಡೆದುಕೊಳ್ಳುವುದು ಎಷ್ಟು ಕಷ್ಟ ಎಂಬುದು ಹಳ್ಳಿಯಲ್ಲಿ ಬೆಳೆದ ಹಿರಿಯರಿಗೆ ಅರ್ಥವಾಗುತ್ತದೆ. ಕಣ್ಣು ಮುಚ್ಚಿಕೊಂಡಿದ್ದರೂ ತಿಂಗಳ ಸಂಬಳ ಅಷ್ಟೇ ಬರುತ್ತಿತ್ತು. ಊರಿನಲ್ಲಿ ಒಳ್ಳೆಯ ಹೆಸರೂ ಬರುತ್ತಿತ್ತು. ಅವರು ಕಣ್ಣು ಮುಚ್ಚಲಿಲ್ಲ.

ಇದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಅವರ ಮೇಲೆ ಕೊಲೆಯ ಆರೋಪ ಬಂತು, ಕೆಲವು ದಿನ ಜೈಲಿನಲ್ಲಿರಬೇಕಾಯಿತು. ಕೊನೆಗೆ ನಿರ್ದೋಷಿ ಎಂದು ಹೊರಬಂದರು. 1992ರಲ್ಲಿ ರೊಚ್ಚಿಗೆದ್ದ ಗುಂಪು ನಾಗರಹೊಳೆಯ ಕಾಡಿಗೇ ಬೆಂಕಿ ಇಟ್ಟಿತು. ಅವರ ಜೀವಕ್ಕೂ ಅಪಾಯವಿತ್ತು. ವರ್ಷಾನುಗಟ್ಟಲೆ ಕಾಯ್ದ ಕಾಡು ಕಣ್ಣೆದುರೇ ಉರಿಯುವುದನ್ನು ನೋಡುವುದೆಂದರೆ, ಸಾಕಿದ ಮಗುವಿಗೆ ಪೆಟ್ಟಾದಂತೆ. ಮರುವರ್ಷ ಅವರು ಕೆಲಸ ಬಿಟ್ಟರು.

ಆದರೆ ಆ ಹೊತ್ತಿಗೆ ನಾಗರಹೊಳೆ ಬದಲಾಗಿತ್ತು. ಹಡ್ಲುಗಳಲ್ಲಿ ಭತ್ತದ ಬದಲು ಹುಲ್ಲು ಬೆಳೆದಿತ್ತು. ಹುಲ್ಲಿಗೆ ಜಿಂಕೆ, ಕಡವೆ, ಕಾಟಿಗಳು ಬಂದವು. ಅವುಗಳ ಹಿಂದೆ ಹುಲಿ ಬಂತು. ಇದನ್ನು ಲೆಕ್ಕ ಹಾಕಿ ಜಗತ್ತಿಗೆ ತೋರಿಸಿದವರು ಡಾ. ಉಲ್ಲಾಸ ಕಾರಂತರು. ಶಿವರಾಮ ಕಾರಂತರ ಮಗನಾದ ಇವರು ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ, ಆಮೇಲೆ ಆ ದಾರಿ ಬಿಟ್ಟು ವನ್ಯಜೀವಿ ವಿಜ್ಞಾನಿಯಾದವರು. 1986ರಿಂದ ನಾಗರಹೊಳೆಯಲ್ಲಿ ಹುಲಿಗಳ ಅಧ್ಯಯನ ನಡೆಸಿದರು. ನಮ್ಮ ಬೆರಳಚ್ಚಿನಂತೆ ಪ್ರತಿಯೊಂದು ಹುಲಿಯ ಪಟ್ಟೆಯೂ ಬೇರೆ. ಕಾಡುದಾರಿಯಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಇಟ್ಟು, ಪಟ್ಟೆಗಳನ್ನು ಹೋಲಿಸಿ ಹುಲಿಗಳನ್ನು ಎಣಿಸುವ ವಿಧಾನವನ್ನು ಅವರು ಇಲ್ಲಿ ಬೆಳೆಸಿದರು. ಒಂದು ಹುಲಿ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳನ್ನು ತಿನ್ನುತ್ತದೆ. ಅಷ್ಟು ಸಿಗಬೇಕಾದರೆ ಕಾಡಿನಲ್ಲಿ ಅದಕ್ಕೆ ಸುಮಾರು 500 ಜಿಂಕೆ, ಕಡವೆಯಂಥ ಪ್ರಾಣಿಗಳಿರಬೇಕು ಎಂದು ಅವರು ತಿಳಿಸಿದರು. ಅಂದರೆ ಜಿಂಕೆಯ ಬೇಟೆ ನಿಲ್ಲಿಸಿದವನು ಹುಲಿಯನ್ನೂ ಉಳಿಸಿದ ಹಾಗೆ. ವಿಜ್ಞಾನಿ ಎಣಿಸಲು ಮೊದಲು ಕಾಡಿನಲ್ಲಿ ಹುಲಿ ಇರಬೇಕಲ್ಲವೇ? ಅದು ಇರುವಂತೆ ನೋಡಿಕೊಂಡವರಲ್ಲಿ ಚಿಣ್ಣಪ್ಪನವರು ಮುಖ್ಯರು. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳಿವೆ ಎಂದು ಅಂದಾಜಾಯಿತು. ನಾಗರಹೊಳೆ ದೇಶದಲ್ಲೇ ಹೆಚ್ಚು ಹುಲಿಗಳಿರುವ ಕಾಡುಗಳಲ್ಲಿ ಒಂದು.

ನಿವೃತ್ತಿಯ ನಂತರ ಅವರು ಮನೆಯಲ್ಲಿ ಕುಳಿತುಕೊಳ್ಳಲಿಲ್ಲ. ಕೊಡಗಿನ ಮತ್ತು ಸುತ್ತಲಿನ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಕಾಡಿನ ಪಾಠ ಹೇಳಿದರು. ಶಿಕ್ಷಕರ ಕೆಲಸವನ್ನೂ ಮಾಡಿದರು ಎಂಬುದು ನನಗೆ ವಿಶೇಷ ಹೆಮ್ಮೆಯ ಸಂಗತಿ. ‘ವೈಲ್ಡ್‌ಲೈಫ್ ಫಸ್ಟ್’ ಸಂಸ್ಥೆಯ ಮೂಲಕ ಕುದುರೆಮುಖದ ಗಣಿಗಾರಿಕೆಯ ವಿರುದ್ಧ ಹೋರಾಡಿದರು. ಕೊಲ್ಲಿಯ ತೀರದಲ್ಲಿರುವ ನಮಗೆ ಇದರಲ್ಲೊಂದು ಕುತೂಹಲದ ವಿಷಯವಿದೆ. ಆ ಗಣಿ 1970ರ ದಶಕದಲ್ಲಿ ಆರಂಭವಾದದ್ದೇ ಕೊಲ್ಲಿಯ ಆಚೆ ದಡದ ಇರಾನ್‌ಗೆ ಕಬ್ಬಿಣದ ಅದಿರು ಕಳುಹಿಸಲೆಂದು. ಆದರೆ ಆ ಬೆಟ್ಟಗಳು ಭದ್ರಾ ನದಿ ಹುಟ್ಟುವ ಜಾಗ, ಸಿಂಗಳೀಕಗಳ ಮನೆ, ಧೋ ಎಂದು ಮಳೆ ಸುರಿಯುವ ಮಲೆನಾಡು. ಗಣಿಯ ಮಣ್ಣು ಮಳೆಗೆ ಕೊಚ್ಚಿ ನದಿಗೆ ಸೇರುತ್ತಿತ್ತು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟು, 2005ರ ಕೊನೆಗೆ ಗಣಿಗಾರಿಕೆ ನಿಲ್ಲಬೇಕೆಂದು ತೀರ್ಪು ಕೊಟ್ಟಿತು. ಹಾಗೆಯೇ ನಿಂತಿತು. ಆ ತೀರ್ಪಿನ ತಲೆಬರಹದಲ್ಲಿ ಕೆ.ಎಂ. ಚಿಣ್ಣಪ್ಪ ಎಂಬ ಹೆಸರಿದೆ. ಕಾನೂನು ಓದುವ ವಿದ್ಯಾರ್ಥಿಗಳು ಇಂದಿಗೂ ಆ ಹೆಸರಿನಿಂದಲೇ ಅದನ್ನು ಓದುತ್ತಾರೆ. ಒಬ್ಬ ನಿವೃತ್ತ ರೇಂಜರ್‌ನ ಹೆಸರು ಹೋದ ದೂರವನ್ನು ನೋಡಿ!

ಇಲ್ಲೊಂದು ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಕಾಡು ಪ್ರಾಣಿಗಳಿಗೆ ಮಾತ್ರ ಮನೆಯೇ? ನಾಗರಹೊಳೆಯಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ತಲೆಮಾರುಗಳಿಂದ ಬಾಳಿದ್ದಾರೆ. ಅನೇಕ ಕುಟುಂಬಗಳು ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಿಗೆ ಹೋದವು. ಇನ್ನು ಕೆಲವರು ಕಾಡಿನಲ್ಲಿ ತಮ್ಮ ಹಕ್ಕಿದೆ ಎಂದು ಇಂದಿಗೂ ಕೇಳುತ್ತಿದ್ದಾರೆ. 2006ರ ಅರಣ್ಯ ಹಕ್ಕು ಕಾಯಿದೆಯೂ ಅದನ್ನು ಹೇಳುತ್ತದೆ. ಮಕ್ಕಳಿಗೆ ಶಾಲೆ, ಆಸ್ಪತ್ರೆ, ಹೊಲ ಸಿಗುವುದಾದರೆ ಒಪ್ಪಿಗೆಯಿಂದ ಹೊರಗೆ ಬರುವುದು ಜನರಿಗೂ ಕಾಡಿಗೂ ಒಳ್ಳೆಯದು ಎಂದು ಸಂರಕ್ಷಣೆಯ ಪರ ನಿಂತವರು ವಾದಿಸಿದರು. ಒಪ್ಪಿಗೆ ಎಂಬ ಮಾತು ಇಲ್ಲಿ ಬಹಳ ಮುಖ್ಯವೆಂದು ನನಗನಿಸುತ್ತದೆ. ಊರು ಬಿಟ್ಟು ಬಂದವರ ಸಂಕಟ ಗಲ್ಫಿನಲ್ಲಿರುವ ನಮಗೆ ತಿಳಿಯದ್ದೇನಲ್ಲ. ನಾವಾದರೋ ನಮ್ಮ ಇಷ್ಟದಿಂದ ಬಂದವರು. ಚಿಣ್ಣಪ್ಪನವರನ್ನು ಮೆಚ್ಚುವುದೆಂದರೆ ಈ ಪ್ರಶ್ನೆಯನ್ನು ಮರೆಯುವುದಲ್ಲ. ದೊಡ್ಡ ತರಗತಿಯ ವಿದ್ಯಾರ್ಥಿಗಳು ಇದನ್ನು ಚರ್ಚಾಸ್ಪರ್ಧೆಯ ವಿಷಯವಾಗಿ ತೆಗೆದುಕೊಳ್ಳಲಿ.

‘ಬಹ್ರೇನ್‌ನಲ್ಲಿ ಕಾಡೇ ಇಲ್ಲ, ನಮಗೇಕೆ ಈ ಕಥೆ?’ ಎನ್ನಬೇಡಿ. 1976ರಲ್ಲಿ ಸ್ಥಾಪನೆಯಾದ ಅಲ್ ಅರೀನ್ ಉದ್ಯಾನಕ್ಕೆ ನಮ್ಮಲ್ಲಿ ಅನೇಕರು ಹೋಗಿದ್ದೇವೆ. ಅಲ್ಲಿ ಬಿಳಿ ಮೈಯ, ನೀಳ ಕೊಂಬಿನ ಅರೇಬಿಯನ್ ಓರಿಕ್ಸ್ ನೋಡಿ ಫೋಟೋ ತೆಗೆಸಿಕೊಂಡಿದ್ದೇವೆ. ಈ ಪ್ರಾಣಿ 1972ರ ಹೊತ್ತಿಗೆ ಬಯಲಿನಿಂದ ಪೂರ್ತಿ ಮರೆಯಾಗಿತ್ತು. ಮುಂಚಿತವಾಗಿ ಹಿಡಿದು ಸಾಕಿದ್ದ ಕೆಲವೇ ಓರಿಕ್ಸ್‌ಗಳಿಂದ ಸಂತತಿ ಬೆಳೆಸಿ, 1982ರಲ್ಲಿ ಒಮಾನಿನ ಮರುಭೂಮಿಗೆ ಮತ್ತೆ ಬಿಡಲಾಯಿತು. ಅಲ್ಲೂ ಹೆಸರು ಗೊತ್ತಿಲ್ಲದ ಎಷ್ಟೋ ಕಾವಲುಗಾರರಿದ್ದರು. ಇನ್ನು ಸಖೀರ್ ಬಯಲಿನ ಆಚೆ ಒಂಟಿಯಾಗಿ ನಿಂತ ‘ಜೀವವೃಕ್ಷ’ ಯಾವ ಮರ ಗೊತ್ತೇ? ನಮ್ಮ ಬನ್ನಿ ಮರ! ದಸರೆಯಲ್ಲಿ ನಾವು ಪೂಜಿಸಿ ಎಲೆ ಹಂಚಿಕೊಳ್ಳುವ ಅದೇ ಬನ್ನಿ, ನೀರಿಲ್ಲದ ಮರಳಿನಲ್ಲಿ ಸುಮಾರು 400 ವರ್ಷಗಳಿಂದ ನಿಂತಿದೆ. ಅದರ ತೊಗಟೆಯ ಮೇಲೆ ಕೆಲವರು ಹೆಸರು ಕೆತ್ತಿದ್ದನ್ನು ನೋಡಿ ನನಗೆ ನೋವಾಗಿತ್ತು. ಅಲ್ಲಿಗೆ ಹೋದಾಗ ಹೆಸರು ಕೆತ್ತದಿರುವುದು, ಕೆತ್ತುವವರನ್ನು ತಡೆಯುವುದು ಸಹ ಕಾವಲೇ.

ಹೆತ್ತವರಲ್ಲಿ ಒಂದು ಮಾತು. ಪೋಷಕರ ಸಭೆಗೆ ಬಂದ ತಂದೆಯೊಬ್ಬರು, ಮಗನಿಗೆ ಪ್ರಾಣಿಗಳ ಹುಚ್ಚು ಎಂದು ಬೇಸರದಿಂದ ಹೇಳಿಕೊಂಡರು. ಎಂಜಿನಿಯರೋ ಡಾಕ್ಟರೋ ಆಗದಿದ್ದರೆ ಈ ಊರಿನಲ್ಲಿ ದುಡಿದದ್ದೆಲ್ಲ ವ್ಯರ್ಥ ಎಂಬ ಆತಂಕ ಅವರದು. ಆ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಎಂಜಿನಿಯರ್ ಆಗಿಯೂ ಕಾಡಿಗೆ ಹೋದ ಕಾರಂತರಿದ್ದಾರೆ, ದೊಡ್ಡ ಪದವಿಯಿಲ್ಲದೆ ಕಾಡು ಉಳಿಸಿದ ಚಿಣ್ಣಪ್ಪನವರಿದ್ದಾರೆ. ಮಗುವಿನ ಆಸಕ್ತಿಯನ್ನು ಮುರಿಯುವ ಮೊದಲು ಒಮ್ಮೆ ಅವರ ಕಥೆಯನ್ನು ಓದಿ. ಟಿ.ಎಸ್. ಗೋಪಾಲ್ ಅವರು ನಿರೂಪಿಸಿದ ‘ಕಾಡಿನೊಳಗೊಂದು ಜೀವ’ ಎಂಬ ಪುಸ್ತಕದಲ್ಲಿ ಅದಿದೆ. ಬೇಸಿಗೆ ರಜೆಗೆ ಊರಿಗೆ ಹೋದಾಗ ಮಾಲ್‌ಗಳಿಗೆ ಹೋಗುವ ದಿನಗಳಲ್ಲಿ ಎರಡನ್ನು ಉಳಿಸಿ, ಮಕ್ಕಳನ್ನು ನಾಗರಹೊಳೆಗೆ ಕರೆದುಕೊಂಡು ಹೋಗಿ. ಜೀಪಿನ ಹಿಂದೆ ಖಾಕಿ ಬಟ್ಟೆಯಲ್ಲಿ ನಿಂತ ಗಾರ್ಡ್‌ನ ಹೆಸರು ಕೇಳಿ, ನಮಸ್ಕಾರ ಹೇಳಲು ಕಲಿಸಿ.

ಚಿಣ್ಣಪ್ಪನವರು 2024ರ ಫೆಬ್ರವರಿಯಲ್ಲಿ ತಮ್ಮ ಊರಿನಲ್ಲೇ ತೀರಿಕೊಂಡರು. ಅವರು ಬಿಟ್ಟು ಹೋದ ಆಸ್ತಿ ಒಂದು ಕಾಡು. ಅದರಲ್ಲಿ ಓಡಾಡುವ ಹುಲಿಗೆ ಅವರ ಹೆಸರು ಗೊತ್ತಿಲ್ಲ. ನಮಗಾದರೂ ಗೊತ್ತಿರಲಿ.

ಪ್ರೀತಿಯ ವಿದ್ಯಾರ್ಥಿಗಳೇ, ಎಲ್ಲರೂ ಕಾಡಿಗೆ ಹೋಗಬೇಕಾಗಿಲ್ಲ. ನಿಮಗೆ ವಹಿಸಿದ ಕೆಲಸವನ್ನು, ಯಾರೂ ನೋಡದಿದ್ದಾಗಲೂ, ಯಾರಾದರೂ ಬೈದಾಗಲೂ, ಸರಿಯಾಗಿ ಮಾಡಿ. ತರಗತಿಯ ನಾಯಕನಾಗಿರಲಿ, ಮುಂದೆ ಬ್ಯಾಂಕಿನ ಅಧಿಕಾರಿಯಾಗಿರಲಿ, ನೀವು ಕಾಯಬೇಕಾದ ಒಂದು ‘ಕಾಡು’ ನಿಮ್ಮ ಪಾಲಿಗೂ ಬಂದೇ ಬರುತ್ತದೆ. ಮುಂದಿನ ವರ್ಷದ ಪ್ರಬಂಧದಲ್ಲಿ ಒಬ್ಬರಾದರೂ ಚಿಣ್ಣಪ್ಪನವರ ಬಗ್ಗೆ ಬರೆದರೆ, ಈ ಟೀಚರ್‌ಗೆ ಅದಕ್ಕಿಂತ ಸಂತೋಷ ಬೇರೆ ಇಲ್ಲ.