ಡೀಸೆಲ್ ಪಿಕಪ್ ‘ಮಿಸ್ಸಿಂಗ್’ ಹೊಡೆದರೆ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಬಹುದೇ?

ಡೀಸೆಲ್ ಗಾಡಿ ಇಟ್ಟುಕೊಂಡವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೊ ಮತ್ತೆ ಮತ್ತೆ ಬರುತ್ತಿರುತ್ತದೆ. ಇಂಜಿನ್ ಗಡಗಡ ನಡುಗುತ್ತಾ ಚಾಲೂ ಇದೆ. ಮೆಕ್ಯಾನಿಕ್ ಒಬ್ಬರು ಸ್ಪ್ಯಾನರ್ ಹಿಡಿದು ಇಂಜೆಕ್ಟರ್‌ಗಳಿಗೆ ಹೋಗುವ ಪೈಪುಗಳ ನಟ್‌ಗಳನ್ನು ಒಂದೊಂದಾಗಿ ಸ್ವಲ್ಪ ಸಡಿಲಿಸುತ್ತಾರೆ. ಮೊದಲನೆಯದನ್ನು ಸಡಿಲಿಸಿದಾಗ ಇಂಜಿನ್ ಇನ್ನಷ್ಟು ಕುಂಟುತ್ತದೆ. ಎರಡನೆಯದಕ್ಕೂ ಹಾಗೇ. ಮೂರನೆಯದನ್ನು ಸಡಿಲಿಸಿದಾಗ ಮಾತ್ರ ಸದ್ದಿನಲ್ಲಿ ಏನೂ ವ್ಯತ್ಯಾಸವಿಲ್ಲ. ಅಂದರೆ ಮೊದಲಿನಿಂದಲೂ ಕೆಲಸ ಮಾಡದೆ ಕೂತಿರುವುದು ಆ ಮೂರನೇ ಸಿಲಿಂಡರ್. ಸ್ಕ್ಯಾನರ್ ಬೇಡ, ಶೋರೂಮ್ ಬೇಡ, ಎರಡು ನಿಮಿಷದ ಕೆಲಸ. ಗಾಡಿ ನಿಂತರೆ ಆ ದಿನದ ಬಾಡಿಗೆಯೂ ನಿಲ್ಲುವ ಪಿಕಪ್ ಮಾಲೀಕರು ಇದನ್ನು ಸೇವ್ ಮಾಡಿಕೊಂಡು ನಾಲ್ಕು ಜನಕ್ಕೆ ಕಳಿಸುವುದು ಸಹಜವೇ.

ಈ ವಿಡಿಯೊದಲ್ಲಿ ಹೇಳಿದ್ದು ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ. ಮೆಕ್ಯಾನಿಕಲ್ ಪಂಪ್ ಇರುವ ಹಳೆಯ ಡೀಸೆಲ್ ಇಂಜಿನ್‌ಗಳಲ್ಲಿ, ಟ್ರ್ಯಾಕ್ಟರ್‌ಗಳಲ್ಲಿ, ನೀರೆತ್ತುವ ಪಂಪ್‌ಸೆಟ್‌ಗಳಲ್ಲಿ ಮೆಕ್ಯಾನಿಕ್‌ಗಳು ದಶಕಗಳಿಂದ ಹೀಗೆಯೇ ಕೆಟ್ಟ ಸಿಲಿಂಡರ್ ಹುಡುಕುತ್ತಾ ಬಂದಿದ್ದಾರೆ. ಆದರೆ ಇಂದು ರಸ್ತೆಯಲ್ಲಿರುವ ಬಹುಪಾಲು ಡೀಸೆಲ್ ಪಿಕಪ್‌ಗಳಲ್ಲಿರುವುದು ಕಾಮನ್ ರೈಲ್ ಇಂಜಿನ್. ಅದರ ಮೇಲೆ ಇದೇ ಉಪಾಯ ಪ್ರಯೋಗಿಸಿದರೆ ಬೆರಳು ಹೋಗಬಹುದು, ಕೈಯೂ ಹೋಗಬಹುದು.

ಮಿಸ್ಸಿಂಗ್ ಎಂದರೆ ಏನು?

ಪೆಟ್ರೋಲ್ ಇಂಜಿನ್‌ನಲ್ಲಿ ಕಿಡಿ ಹೊತ್ತಿಸಲು ಸ್ಪಾರ್ಕ್ ಪ್ಲಗ್ ಇರುತ್ತದೆ. ಡೀಸೆಲ್‌ನಲ್ಲಿ ಅದಿಲ್ಲ. 1897ರಲ್ಲಿ ಜರ್ಮನಿಯ ರುಡಾಲ್ಫ್ ಡೀಸೆಲ್ ಯಶಸ್ವಿಯಾಗಿ ಓಡಿಸಿ ತೋರಿಸಿದ ಇಂಜಿನ್‌ನ ಮೂಲತತ್ವವೇ ಇಂದಿಗೂ ನಡೆಯುತ್ತಿದೆ. ಸಿಲಿಂಡರ್ ಒಳಗಿನ ಗಾಳಿಯನ್ನು ಸುಮಾರು 16ರಿಂದ 18 ಪಟ್ಟು ಅದುಮಿದಾಗ ಅದು 500 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯುತ್ತದೆ. ಆ ಬಿಸಿಗಾಳಿಗೆ ಡೀಸೆಲ್ ಸಿಂಪಡಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ‘ಡೀಸೆಲ್ ಗಾಡಿ ಮಿಸ್ಸಿಂಗ್ ಆದರೆ ಸ್ಪಾರ್ಕ್ ಪ್ಲಗ್ ಬದಲಿಸಿ’ ಎಂದು ಹೇಳುವ ಫಾರ್ವರ್ಡ್ ಬಂದರೆ ಮುಂದೆ ಓದುವುದೇ ಬೇಡ. ಡೀಸೆಲ್ ಇಂಜಿನ್‌ನಲ್ಲಿರುವ ಗ್ಲೋ ಪ್ಲಗ್ ಬೇರೆ ವಸ್ತು. ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ ಒಳಗನ್ನು ಬೆಚ್ಚಗಾಗಿಸುವುದಷ್ಟೇ ಅದರ ಕೆಲಸ.

ನಾಲ್ಕು ಸಿಲಿಂಡರ್‌ನ ಇಂಜಿನ್ ಐಡಲ್‌ನಲ್ಲಿ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಎಲ್ಲ ಸಿಲಿಂಡರ್ ಸೇರಿ ಸೆಕೆಂಡಿಗೆ 26–27 ಬಾರಿ ಡೀಸೆಲ್ ಹೊತ್ತಿಕೊಳ್ಳುತ್ತದೆ. ಒಂದು ಸಿಲಿಂಡರ್ ಸೋತರೆ ಸೆಕೆಂಡಿಗೆ ಆರೇಳು ಪೆಟ್ಟು ತಪ್ಪುತ್ತವೆ. ಸ್ಟಿಯರಿಂಗ್‌ನಲ್ಲಿ ನಿಮಗೆ ಗೊತ್ತಾಗುವ ನಡುಕ ಅದೇ. ಕಾರಣ ಮೂರರಲ್ಲಿ ಒಂದು: ಗಾಳಿ ಸಾಕಷ್ಟು ಅದುಮಿಲ್ಲ, ಡೀಸೆಲ್ ಸರಿಯಾಗಿ ಬಂದಿಲ್ಲ, ಅಥವಾ ಡೀಸೆಲ್ ಬಿಡು ಎಂಬ ವಿದ್ಯುತ್ ಆದೇಶ ಸರಿಯಾಗಿ ತಲುಪಿಲ್ಲ. (2005ರಲ್ಲಿ ಬಂದ ಟಾಟಾ ಏಸ್‌ನಂಥ ಎರಡು ಸಿಲಿಂಡರ್‌ನ ಪುಟ್ಟ ಗಾಡಿಯಲ್ಲಿ ಒಂದು ಕೈಕೊಟ್ಟರೆ ಅರ್ಧ ಇಂಜಿನ್ನೇ ಹೋದಂತೆ. ಅಲ್ಲಿ ರೋಗ ಕಂಡುಹಿಡಿಯುವುದು ಸುಲಭ, ಗಾಡಿ ಮನೆಗೆ ತರುವುದು ಕಷ್ಟ.)

ಹಳೆಯ ಉಪಾಯ, ಹೊಸ ಒತ್ತಡ

ಹಳೆಯ ಇಂಜಿನ್‌ಗಳಲ್ಲಿ ಇಂಜೆಕ್ಟರ್ ಬಾಯಿ ತೆರೆಯುತ್ತಿದ್ದುದು ಸುಮಾರು 200 ಬಾರ್ ಒತ್ತಡಕ್ಕೆ. ಅದರಲ್ಲೂ ಪಂಪ್ ಆಯಾ ಸಿಲಿಂಡರ್‌ಗೆ ಸರದಿ ಬಂದಾಗ ಮಾತ್ರ ಒಂದು ಪೆಟ್ಟು ಡೀಸೆಲ್ ತಳ್ಳುತ್ತಿತ್ತು. ನಟ್ ಸಡಿಲಿಸಿದರೆ ಡೀಸೆಲ್ ತಟಕು ತಟಕಾಗಿ ಹೊರಬರುತ್ತಿತ್ತು. ಅದೂ ಅಪಾಯವೇ, ಆದರೆ ಬಹಳ ಜನ ದಕ್ಕಿಸಿಕೊಂಡರು.

ಕಾಮನ್ ರೈಲ್ ವ್ಯವಸ್ಥೆ ಕಾರುಗಳಿಗೆ ಬಂದದ್ದು 1997ರಲ್ಲಿ. ಇದರಲ್ಲಿ ಎಲ್ಲ ಇಂಜೆಕ್ಟರ್‌ಗಳಿಗೂ ಸೇರಿದ ಒಂದು ದಪ್ಪ ಉಕ್ಕಿನ ಕೊಳವೆ ಇರುತ್ತದೆ. ಅದರೊಳಗೆ ಡೀಸೆಲ್ ಸದಾ ಒತ್ತಡದಲ್ಲಿ ತುಂಬಿರುತ್ತದೆ. ಐಡಲ್‌ನಲ್ಲೇ ನೂರಾರು ಬಾರ್, ಲೋಡ್ ಎಳೆಯುವಾಗ 1,600 ಬಾರ್ ಅಥವಾ ಅದಕ್ಕೂ ಹೆಚ್ಚು. ಕಾರಿನ ಟೈರಿಗೆ ನಾವು ತುಂಬಿಸುವ ಗಾಳಿ ಸುಮಾರು 2.2 ಬಾರ್. ಅದರ ಏಳುನೂರು ಪಟ್ಟು ಎಂದು ಲೆಕ್ಕ ಹಾಕಿಕೊಳ್ಳಿ. ಮನುಷ್ಯನ ಚರ್ಮ ಸೀಳಲು ಸುಮಾರು 7 ಬಾರ್ ಒತ್ತಡದ ಸಣ್ಣ ಧಾರೆ ಸಾಕು ಎಂದು ಕೈಗಾರಿಕಾ ಸುರಕ್ಷತೆಯ ಪಾಠಗಳಲ್ಲಿ ಹೇಳಿಕೊಡುತ್ತಾರೆ. ಇಂಜಿನ್ ಚಾಲೂ ಇರುವಾಗ ಈ ಕೊಳವೆಯ ನಟ್ ಸಡಿಲಿಸಿದರೆ ಹೊರಬರುವುದು ತಟಕಲ್ಲ, ಕಣ್ಣಿಗೆ ಸರಿಯಾಗಿ ಕಾಣದಷ್ಟು ತೆಳ್ಳಗಿನ ಧಾರೆ. ಅದು ಸಿರಿಂಜಿನ ಸೂಜಿಯಂತೆ ಚರ್ಮದೊಳಗೆ ಡೀಸೆಲ್ ನುಗ್ಗಿಸುತ್ತದೆ. ಕೈಗವಸು ಅದನ್ನು ತಡೆಯುವುದಿಲ್ಲ. ಬಿಸಿ ಇಂಜಿನ್ ಮೇಲೆ ಬಿದ್ದರೆ ಬೆಂಕಿಯ ಅಪಾಯ ಬೇರೆ.

ಈ ಗಾಯ ಮೋಸ ಮಾಡುವ ಗಾಯ. ಹೊರಗೆ ಕಾಣುವುದು ಒಂದು ಚುಕ್ಕೆ, ಇರುವೆ ಕಚ್ಚಿದಷ್ಟು. ಮೊದಲಿಗೆ ಹೆಚ್ಚು ನೋವೂ ಇರುವುದಿಲ್ಲ. ಒಳಗೆ ಡೀಸೆಲ್ ಸ್ನಾಯುರಜ್ಜುಗಳ ದಾರಿ ಹಿಡಿದು ಬೆರಳಿನಿಂದ ಅಂಗೈಗೆ ಹರಡಿ ಮಾಂಸವನ್ನು ಸಾಯಿಸುತ್ತಾ ಹೋಗುತ್ತದೆ. ಕೆಲವು ಗಂಟೆಗಳಲ್ಲಿ ಬೆರಳು ಊದಿ ಬಿಳುಚುತ್ತದೆ. ಆಗ ಆಸ್ಪತ್ರೆಗೆ ಹೋದವರು ಬೆರಳು ಕಳೆದುಕೊಂಡ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ಧಾರಾಳವಾಗಿ ದಾಖಲಾಗಿವೆ.

ಹಾಗಾಗಿ, ಡೀಸೆಲ್ ಧಾರೆ ಚರ್ಮಕ್ಕೆ ತಾಗಿತೆಂಬ ಅನುಮಾನ ಬಂದರೂ ಕಾಯಬೇಡಿ. ಹಿಂಡಬೇಡಿ, ಉಜ್ಜಬೇಡಿ, ಬಿಸಿನೀರಿನ ಶಾಖ ಕೊಡಬೇಡಿ, ಅರಿಶಿನ ಮೆತ್ತಬೇಡಿ. ಉಂಗುರವಿದ್ದರೆ ತೆಗೆದುಬಿಡಿ. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡಬೇಕಾಗಬಹುದು, ಹೊಟ್ಟೆಗೆ ಏನೂ ಹಾಕಬೇಡಿ. ಶಸ್ತ್ರಚಿಕಿತ್ಸೆ ಸೌಲಭ್ಯವಿರುವ ಆಸ್ಪತ್ರೆಗೇ ಹೋಗಿ ‘ಡೀಸೆಲ್ ಗಾಯಕ್ಕೆ ತಾಗಿದೆ’ ಎನ್ನುವ ಬದಲು ‘ಸಾವಿರ ಬಾರ್ ಒತ್ತಡದಲ್ಲಿ ಡೀಸೆಲ್ ಚರ್ಮದ ಒಳಗೆ ಹೋಗಿದೆ’ ಎಂದು ಸ್ಪಷ್ಟವಾಗಿ ಹೇಳಿ. ಒಂದು ಟಿಟಿ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿಬಿಡುವಷ್ಟು ಸಣ್ಣದಾಗಿ ಇದು ಕಾಣುತ್ತದೆ.

ಬಾಕ್ಸ್ ಹಾಕಿದ ಗಾಡಿಯಲ್ಲಿ ಸ್ಕ್ಯಾನರ್ ಕೂಡ ಮೋಸಹೋಗುತ್ತದೆ

ಈಗ ಮಾರ್ಪಾಡು ಮಾಡಿದ ಗಾಡಿಗಳ ಮಾತು. ತರಕಾರಿ ತುಂಬಿಕೊಂಡು ಶಿರಾಡಿ, ಚಾರ್ಮಾಡಿ ಘಾಟಿ ಹತ್ತುವವರಿಗೆ ಇನ್ನಷ್ಟು ಪಿಕಪ್ ಬೇಕು ಅನ್ನಿಸುವುದು ಅರ್ಥವಾಗುವಂಥದ್ದೇ. ಟ್ಯೂನಿಂಗ್ ಬಾಕ್ಸ್, ರೀಮ್ಯಾಪ್, ಇಜಿಆರ್ ಬ್ಲಾಕ್ ಎಂಬ ಜಾಹೀರಾತುಗಳು ಆ ಆಸೆಗೇ ಗಾಳಿ ಹಾಕುತ್ತವೆ. ಈ ಕುರಿತ ವಿಡಿಯೊಗಳಲ್ಲಿ ಎಷ್ಟೋ ಅಮೆರಿಕದವು. ಆರೂವರೆ ಲೀಟರಿನ ದೈತ್ಯ ಇಂಜಿನ್‌ಗಳ ಪಿಕಪ್ ಟ್ರಕ್‌ಗಳಲ್ಲಿ ಮಾಡಿದ್ದನ್ನು ನಮ್ಮ ಎರಡೂವರೆ ಲೀಟರಿನ ಗಾಡಿಗೂ ಅನ್ವಯಿಸಿ ಹೇಳಲಾಗುತ್ತದೆ. ಅಲ್ಲಿಯೂ ಇದು ಸಣ್ಣ ಸಂಗತಿಯಲ್ಲ. ಸುಮಾರು ಹತ್ತು ವರ್ಷಗಳಲ್ಲಿ 5.5 ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳ ಹೊಗೆ ನಿಯಂತ್ರಣ ಸಾಧನಗಳನ್ನು ಕಿತ್ತುಹಾಕಲಾಗಿದೆ ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಅಂದಾಜಿಸಿತ್ತು.

ಟ್ಯೂನಿಂಗ್ ಬಾಕ್ಸ್‌ಗಳಲ್ಲಿ ಬಹಳಷ್ಟು ಮಾಡುವುದು ಒಂದೇ ಕೆಲಸ. ರೈಲ್ ಒತ್ತಡ ಅಳೆಯುವ ಸೆನ್ಸರ್‌ಗೂ ಇಂಜಿನ್‌ನ ಕಂಪ್ಯೂಟರ್ ಆದ ಇಸಿಯುಗೂ ನಡುವೆ ಕೂತು ಸುಳ್ಳು ಹೇಳುವುದು. ಉದಾಹರಣೆಗೆ ಒಳಗೆ ನಿಜವಾಗಿ 1,500 ಬಾರ್ ಇದ್ದರೆ ಬಾಕ್ಸ್ 1,350 ಎಂದು ವರದಿ ಮಾಡುತ್ತದೆ. ‘ಅಯ್ಯೋ ಕಡಿಮೆಯಾಯ್ತು’ ಎಂದು ಇಸಿಯು ಒತ್ತಡ ಏರಿಸುತ್ತದೆ. ಡೀಸೆಲ್ ಹೆಚ್ಚು ಹೋಗುತ್ತದೆ, ಎಳೆತ ಹೆಚ್ಚುತ್ತದೆ. ಪಂಪು, ಇಂಜೆಕ್ಟರ್‌ಗಳ ಸವೆತವೂ ಹೆಚ್ಚುತ್ತದೆ.

ಇಲ್ಲಿಯೇ ಬಹಳ ಜನ ಎಡವುವುದು. ಮೆಕ್ಯಾನಿಕ್ ತರುವ ಸ್ಕ್ಯಾನರ್ ತಾನಾಗಿ ಏನನ್ನೂ ಅಳೆಯುವುದಿಲ್ಲ. ಇಸಿಯು ಏನು ನಂಬಿದೆಯೋ ಅದನ್ನೇ ಪರದೆಯ ಮೇಲೆ ತೋರಿಸುತ್ತದೆ. ಬಾಕ್ಸ್ ಇಸಿಯುಗೆ ಹೇಳಿದ ಸುಳ್ಳು ಸ್ಕ್ಯಾನರ್‌ಗೂ ಬರುತ್ತದೆ. ಒತ್ತಡ ಸರಿಯಾಗಿದೆ ಎಂದು ಪರದೆ ಹೇಳುತ್ತಿದ್ದರೂ ಒಳಗೆ ಸರಿಯಿರಲಿಕ್ಕಿಲ್ಲ. ರೀಮ್ಯಾಪ್‌ನಲ್ಲಿ ಇನ್ನೊಂದು ಬಗೆಯ ಕುರುಡು ಇದೆ. ಇಜಿಆರ್ ಮುಚ್ಚಿದ ಮೇಲೆ ಚೆಕ್ ಇಂಜಿನ್ ಲೈಟ್ ಉರಿಯದಿರಲಿ ಎಂದು ಆ ದೋಷಸಂಕೇತಗಳನ್ನೇ ಸಾಫ್ಟ್‌ವೇರ್‌ನಲ್ಲಿ ಆಫ್ ಮಾಡಿಟ್ಟಿರುತ್ತಾರೆ. ‘ಲೈಟ್ ಉರಿಯುತ್ತಿಲ್ಲ, ಹಾಗಾದರೆ ಇಂಜಿನ್ ಸರಿ ಇದೆ’ ಎಂಬ ಮಾತು ಇಂಥ ಗಾಡಿಗೆ ಅನ್ವಯಿಸುವುದಿಲ್ಲ.

ಹಾಗಾದರೆ ಹುಡುಕುವುದು ಹೇಗೆ?

ಮೊದಲು ಬಾಕ್ಸ್ ಕಿತ್ತು ಕಂಪನಿಯ ಮೂಲ ಕನೆಕ್ಟರ್‌ಗಳನ್ನು ಜೋಡಿಸಿ ಓಡಿಸಿ ನೋಡಬೇಕು. ಎಷ್ಟೋ ಸಲ ತೊಂದರೆ ಅಲ್ಲಿಗೇ ಮುಗಿಯುತ್ತದೆ, ಏಕೆಂದರೆ ಬಾಕ್ಸ್‌ನ ಅಗ್ಗದ ಕನೆಕ್ಟರ್ ಸಡಿಲವಾಗಿದ್ದರೂ ಇಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ. ರೀಮ್ಯಾಪ್ ಆಗಿದ್ದರೆ ಮಾಡಿದವರ ಹತ್ತಿರ ಮೂಲ ಫೈಲ್ ಕೇಳಿ ಮತ್ತೆ ಹಾಕಿಸಬೇಕು. ಮಾರ್ಪಾಡು ಹಾಗೇ ಇಟ್ಟುಕೊಂಡು ಪರೀಕ್ಷೆ ಮಾಡಿಸುವುದು ವಾಚ್ ಕೆಟ್ಟಿರುವ ನರ್ಸ್ ಹತ್ತಿರ ನಾಡಿ ನೋಡಿಸಿಕೊಂಡ ಹಾಗೆ.

ಆಮೇಲೆ ಮೆಕ್ಯಾನಿಕ್‌ಗೆ ನೀವು ಕೊಡಬಹುದಾದ ಅತ್ಯುತ್ತಮ ಮಾಹಿತಿ, ಮಿಸ್ಸಿಂಗ್ ಯಾವಾಗ ಬರುತ್ತದೆ ಎಂಬುದು. ಬೆಳಿಗ್ಗೆ ಬಿಳಿ ಹೊಗೆಯೊಂದಿಗೆ ಬಂದು ಇಂಜಿನ್ ಕಾದ ಮೇಲೆ ಹೋದರೆ ಗ್ಲೋ ಪ್ಲಗ್ ಅಥವಾ ಕಡಿಮೆಯಾದ ಕಂಪ್ರೆಷನ್ ಕಡೆಗೆ ಬೊಟ್ಟು. ಏರು ಹತ್ತುವಾಗ ಮಾತ್ರ ಬಂದರೆ ಕಟ್ಟಿದ ಡೀಸೆಲ್ ಫಿಲ್ಟರ್, ಟರ್ಬೊ ಪೈಪಿನ ಸೀಳು, ದಣಿದ ಪಂಪು. ಬಂಕ್‌ನಲ್ಲಿ ಡೀಸೆಲ್ ತುಂಬಿಸಿದ ಸ್ವಲ್ಪ ಹೊತ್ತಿಗೆ ಶುರುವಾದರೆ ಫಿಲ್ಟರ್‌ನ ಕೆಳಗೆ ನೀರು ಕೂತಿದೆಯೇ ನೋಡಿಸಿ. ಫಿಲ್ಟರ್ ಬದಲಿಸಿದ ಮರುದಿನ ಬಂದರೆ ಏರ್ ಹಿಡಿದಿರಬಹುದು. ಗುಂಡಿಯಲ್ಲಿ ಕುಲುಕಿದಾಗ ಬಂದರೆ ವೈರಿಂಗ್. ಗೋದಾಮಿನ ಪಕ್ಕ ನಿಲ್ಲುವ ಗಾಡಿಗಳಲ್ಲಿ ಇಲಿ ಕಡಿದ ವೈರನ್ನೂ ಮರೆಯುವಂತಿಲ್ಲ. ಇಂಜಿನ್‌ನಿಂದ ‘ಚಫ್ ಚಫ್’ ಎಂಬ ಸದ್ದು ಬಂದು ಇಂಜೆಕ್ಟರ್ ಬುಡದಲ್ಲಿ ಟಾರಿನಂಥ ಕಪ್ಪು ಮೆತ್ತಿಕೊಂಡಿದ್ದರೆ ಅದರ ಕೆಳಗಿನ ತಾಮ್ರದ ವಾಷರ್ ಹೋಗಿರುತ್ತದೆ. ಬೇಗ ನೋಡಿಕೊಂಡರೆ ವಾಷರಿನಲ್ಲೇ ಮುಗಿಯುವ ಕೆಲಸ ಅದು.

ನಟ್ ಸಡಿಲಿಸುವ ಪರೀಕ್ಷೆಗೆ ಇಂದಿನ ಪರ್ಯಾಯ ಸ್ಕ್ಯಾನರ್‌ನಲ್ಲೇ ಇದೆ. ಒಂದೊಂದು ಇಂಜೆಕ್ಟರನ್ನೂ ಆದೇಶ ಕೊಟ್ಟು ನಿಲ್ಲಿಸಿ ಇಂಜಿನ್ ಹೇಗೆ ಪ್ರತಿಕ್ರಿಯಿಸುತ್ತದೆ ಎಂದು ನೋಡಬಹುದು. ತರ್ಕ ಅದೇ, ಡೀಸೆಲ್ ಮಾತ್ರ ಹೊರಗೆ ಬರುವುದಿಲ್ಲ. ಪಿ0301ರಿಂದ ಪಿ0304ರವರೆಗಿನ ಸಂಕೇತಗಳಲ್ಲಿ ಕೊನೆಯ ಅಂಕೆ ಸಿಲಿಂಡರ್ ಯಾವುದೆಂದು ಹೇಳುತ್ತದೆ. ಆದರೆ ಸಿಲಿಂಡರ್ ಗೊತ್ತಾದ ಮಾತ್ರಕ್ಕೆ ಇಂಜೆಕ್ಟರ್ ಕೆಟ್ಟಿದೆ ಎಂದಲ್ಲ. ಅನುಮಾನದ ಇಂಜೆಕ್ಟರನ್ನು ಪಕ್ಕದ ಸಿಲಿಂಡರ್‌ಗೆ ಹಾಕಿದಾಗ ತೊಂದರೆಯೂ ಅದರ ಜೊತೆ ಹೋದರೆ ಇಂಜೆಕ್ಟರ್, ಇದ್ದಲ್ಲೇ ಉಳಿದರೆ ಕಂಪ್ರೆಷನ್ ಅಥವಾ ವೈರಿಂಗ್. ಪ್ರತಿ ಇಂಜೆಕ್ಟರ್‌ನಿಂದ ಟ್ಯಾಂಕಿಗೆ ವಾಪಸ್ ಹೋಗುವ ಡೀಸೆಲನ್ನು ಬೇರೆ ಬೇರೆ ಬಾಟಲಿಗಳಲ್ಲಿ ಹಿಡಿದು ಹೋಲಿಸುವ ಪರೀಕ್ಷೆಯೂ ಇದೆ. ಯಾವ ಬಾಟಲಿ ಉಳಿದವಕ್ಕಿಂತ ಬೇಗ ತುಂಬುತ್ತದೋ ಆ ಇಂಜೆಕ್ಟರ್ ಒಳಗೆ ಸೋರುತ್ತಿದೆ. ಇದಿಷ್ಟೂ ಡೀಸೆಲ್ ಪಂಪ್ ಕೆಲಸ ಬಲ್ಲವರು ಮಾಡಬೇಕಾದದ್ದು. ನಿಮ್ಮ ಪಾತ್ರ, ‘ನಾಲ್ಕೂ ಇಂಜೆಕ್ಟರ್ ಬದಲಿಸೋಣ’ ಎಂದಾಗ ಈ ಪರೀಕ್ಷೆಗಳ ಫಲಿತಾಂಶ ಕೇಳುವುದು. ಬದಲಿಸಿದರೂ ಎಷ್ಟೋ ಮಾದರಿಗಳಲ್ಲಿ ಹೊಸ ಇಂಜೆಕ್ಟರ್ ಮೇಲೆ ಬರೆದಿರುವ ಕೋಡನ್ನು ಇಸಿಯುಗೆ ತುಂಬಿಸದಿದ್ದರೆ ನಡುಕ ಉಳಿಯುತ್ತದೆ.

ಬಾಡಿಗೆ ಒಪ್ಪಿಕೊಂಡಾಗಿದೆ, ಇವತ್ತೊಂದು ದಿನ ಓಡಿಸಿಬಿಡೋಣ ಎನ್ನುವವರು ಕೊನೇ ಪಕ್ಷ ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಮಟ್ಟ ಏರಿದ್ದು ಡೀಸೆಲ್ ವಾಸನೆ ಬಂದರೆ ಉರಿಯದ ಡೀಸೆಲ್ ಕೆಳಗಿಳಿದು ಆಯಿಲ್‌ಗೆ ಸೇರುತ್ತಿದೆ. ಜೊತೆಗೆ ಲೋಹಕ್ಕೆ ಲೋಹ ಬಡಿದಂಥ ಸದ್ದೂ ಇದ್ದರೆ ಒಂದು ಇಂಜೆಕ್ಟರ್ ಬಾಯಿ ಮುಚ್ಚದೆ ಸುರಿಯುತ್ತಿರಬಹುದು. ಪಿಸ್ಟನ್ ಕರಗಿ ತೂತಾಗುವುದು ಹೀಗೆಯೇ. ಅಂಥ ಗಾಡಿಯನ್ನು ಕಟ್ಟಿ ಎಳೆಸುವುದು ಅಗ್ಗ.

ಸೀಮೆಎಣ್ಣೆ, ನುಸಿಗುಳಿಗೆ ಇತ್ಯಾದಿ

ಟ್ಯಾಂಕಿಗೆ ಸೀಮೆಎಣ್ಣೆ ಬೆರೆಸಿದರೆ ಇಂಜೆಕ್ಟರ್ ತೊಳೆದಂತಾಗುತ್ತದೆ ಎಂಬುದು ಮತ್ತೊಂದು ಹಳೆಯ ಸಲಹೆ. ಕಾಮನ್ ರೈಲ್‌ನ ಹೈ ಪ್ರೆಷರ್ ಪಂಪ್‌ಗೆ ಸಾಮಾನ್ಯವಾಗಿ ಜಾರುಣಿಕೆ ಕೊಡುವುದು ಡೀಸೆಲ್ಲೇ. ಸೀಮೆಎಣ್ಣೆಗೆ ಆ ಜಿಡ್ಡು ಸಾಲದು. ಪಂಪ್ ಸವೆದು ಅದರ ಲೋಹದ ಪುಡಿ ಇಂಜೆಕ್ಟರ್‌ಗಳಿಗೆ ಹೋದರೆ ಇಡೀ ವ್ಯವಸ್ಥೆ ಬಿಚ್ಚಬೇಕು. ನುಸಿಗುಳಿಗೆ ಹಾಕುವ ಸಲಹೆ ಪೆಟ್ರೋಲ್ ಗಾಡಿಗಳ ಕಾಲದ ಕಥೆ, ಅಲ್ಲಿಯೂ ಪ್ರಯೋಜನವಿಲ್ಲ. ಇಂಥ ಉಪಾಯಗಳು ಫಲಿಸಿದವು ಅನ್ನಿಸಲು ಕಾರಣವಿದೆ. ನೀರಿನಿಂದ, ಏರ್‌ನಿಂದ ಬಂದ ಮಿಸ್ಸಿಂಗ್ ಎಷ್ಟೋ ಸಲ ಇಪ್ಪತ್ತು ಕಿಲೋಮೀಟರ್ ಓಡಿದ ಮೇಲೆ ತಾನೇ ಹೋಗುತ್ತದೆ. ಹೆಸರು ಮಾತ್ರ ಆಗಷ್ಟೇ ಸುರಿದ ಬಾಟಲಿಗೆ ಬರುತ್ತದೆ.

ಕಾನೂನಿನ ಮಾತೂ ಒಂದಿದೆ. ತಯಾರಕರು ನಿಗದಿಪಡಿಸಿದ್ದಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರಲ್ಲಿ ತಿದ್ದುಪಡಿಯಾದ 182ಎ ಕಲಂ ಪ್ರಕಾರ ಮಾಲೀಕರಿಗೆ ಆರು ತಿಂಗಳವರೆಗೆ ಸಜೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ ಬೀಳಬಹುದು. ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳುವವರು ಟೈರು, ಬಾಡಿ ನೋಡುವ ಜೊತೆಗೆ ರೈಲ್ ಸೆನ್ಸರ್‌ನ ವೈರ್ ಎಲ್ಲಾದರೂ ಕತ್ತರಿಸಿ ಟೇಪ್ ಸುತ್ತಿದೆಯೇ, ಇಜಿಆರ್ ಪೈಪಿನ ನಡುವೆ ಹೊಸ ತಗಡು ಕೂರಿಸಿದೆಯೇ ಎಂದು ಟಾರ್ಚ್ ಬಿಟ್ಟು ನೋಡಬೇಕು. ಇದನ್ನು ನೋಡಬೇಕಾದದ್ದು ಇಂಜಿನ್ ಆಫ್ ಮಾಡಿದ ಮೇಲೆ, ಕೈ ಹಾಕದೆ.