ಸರಸ್ವತಮ್ಮನ ಮೂಗುತಿ



ಪುಷ್ಯದ ಅಮಾವಾಸ್ಯೆ ಹತ್ತಿರ ಬಂತೆಂದರೆ ನಮ್ಮ ಯಲಹಂಕದ ಕಡೆಯ ಭಜನಾ ಮಂಡಳಿಗಳಲ್ಲಿ ಪುರಂದರದಾಸರ ಆರಾಧನೆಯ ಗಡಿಬಿಡಿ. ಯಾರು ಯಾವ ದೇವರನಾಮ ಹಾಡುವುದು, ಕೋಸಂಬರಿಗೆ ಹೆಸರುಬೇಳೆ ನೆನೆಸುವವರು ಯಾರು, ಇದರಲ್ಲೇ ಎರಡು ವಾರ ಕಳೆದುಹೋಗುತ್ತದೆ. ಈಚೆಗೆ ಒಂದು ಸಂಜೆ, ಆರ್.ಟಿ. ನಗರದಿಂದ ಬರುವ ಹೊಸ ಮದುವಣಗಿತ್ತಿಯೊಬ್ಬಳು ಇದ್ದಕ್ಕಿದ್ದಂತೆ ಕೇಳಿದಳು: “ಆಂಟಿ, ಆ ಮೂಗುತಿ ಅವರಮ್ಮನ ಮನೇದು ತಾನೇ? ಕೊಟ್ಟಿದ್ದಕ್ಕೆ ವಿಷ ಯಾಕೆ ಕುಡೀಬೇಕಿತ್ತು?”

ಹಾರ್ಮೋನಿಯಂ ನಿಂತಿತು. ಅಲ್ಲಿ ಕೂತಿದ್ದವರೆಲ್ಲ ಆ ಕಥೆಯನ್ನು ನೂರು ಸಲ ಕೇಳಿದವರೇ. ಈ ಪ್ರಶ್ನೆ ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಕಥೆ ನಿಮಗೂ ಗೊತ್ತು. ಆದರೂ ಒಮ್ಮೆ ನೆನಪು ಮಾಡಿಕೊಳ್ಳೋಣ. ದಾಸರ ಪೂರ್ವಾಶ್ರಮದ ಹೆಸರು ಶ್ರೀನಿವಾಸ ನಾಯಕ. ಚಿನ್ನ, ರತ್ನ, ಗಿರವಿಯ ವ್ಯಾಪಾರ. ‘ನವಕೋಟಿ ನಾರಾಯಣ’ ಎಂದು ಜನ ಕರೆಯುವಷ್ಟು ದುಡ್ಡು, ಕೈ ಮಾತ್ರ ಬಿಗಿ. ಮಗನ ಮುಂಜಿಗೆಂದು ಸಹಾಯ ಬೇಡಿ ಬಂದ ಬಡ ಬ್ರಾಹ್ಮಣನನ್ನು ತಿಂಗಳುಗಟ್ಟಲೆ ನಾಳೆ ಬಾ, ನಾಡಿದ್ದು ಬಾ ಎಂದು ಅಲೆಸಿ, ಕೊನೆಗೆ ಸವೆದ ನಾಣ್ಯಗಳ ರಾಶಿ ಮುಂದಿಟ್ಟು “ಇದರಲ್ಲೊಂದು ಆರಿಸಿಕೊ” ಎಂದನಂತೆ. ಬ್ರಾಹ್ಮಣ ನಾಯಕನ ಮನೆಗೇ ಹೋಗಿ ಹೆಂಡತಿ ಸರಸ್ವತಿಯ ಮುಂದೆ ನಿಂತ. ಗಂಡನ ಅಪ್ಪಣೆಯಿಲ್ಲದೆ ಏನೂ ಕೊಡಲಾರೆ ಎಂದಳು ಆಕೆ. “ತವರಿನವರು ಕೊಟ್ಟದ್ದೇನೂ ಇಲ್ಲವೇ ತಾಯಿ?” ಎಂದ ಅವನು. ಆಕೆ ವಜ್ರದ ಮೂಗುತಿ ಬಿಚ್ಚಿ ಕೊಟ್ಟಳು. ಅವನು ಅದನ್ನು ಮಾರಲು ಹೋದದ್ದು ನಾಯಕನ ಅಂಗಡಿಗೇ. ಗುರುತು ಸಿಕ್ಕಿತು. ಒಡವೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ನಾಯಕ ಮನೆಗೆ ಓಡಿದ: “ಎಲ್ಲಿ ಮೂಗುತಿ? ಈಗಲೇ ತಾ.” ಆಕೆ ಒಳಗೆ ಹೋಗಿ ವಿಷದ ಬಟ್ಟಲು ಎತ್ತಿದಾಗ ಟಣ್ ಎಂದು ಮೂಗುತಿ ಅದರೊಳಗೆ ಬಿತ್ತು. ಅಂಗಡಿಗೆ ಹೋಗಿ ನೋಡಿದರೆ ಪೆಟ್ಟಿಗೆ ಖಾಲಿ, ಬ್ರಾಹ್ಮಣನೂ ಇಲ್ಲ. ನಾಯಕ ಇದ್ದದ್ದೆಲ್ಲ ದಾನ ಮಾಡಿ ಹೆಂಡತಿ ಮಕ್ಕಳೊಂದಿಗೆ ವಿಜಯನಗರದ ದಾರಿ ಹಿಡಿದ. ವ್ಯಾಸರಾಯರಿಂದ ‘ಪುರಂದರ ವಿಠಲ’ ಎಂಬ ಅಂಕಿತ ಪಡೆದ.

1964ರಲ್ಲಿ ಬಂದ ‘ನವಕೋಟಿ ನಾರಾಯಣ’ ಚಿತ್ರದಲ್ಲಿ ರಾಜ್‌ಕುಮಾರ್ ಇದನ್ನೇ ಅಭಿನಯಿಸಿದರು. ಅದನ್ನು ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡ ತಾಯಂದಿರು ಎಷ್ಟು ಮಂದಿಯೋ!

ಇದರಲ್ಲಿ ಚರಿತ್ರೆ ಎಷ್ಟು? ದಾಸರು ಇದ್ದದ್ದು ನಿಜ. ಸಂಪ್ರದಾಯದ ಲೆಕ್ಕದಲ್ಲಿ 1484ರಿಂದ 1564. ತಾಳಿಕೋಟೆಯ ಯುದ್ಧ ನಡೆದದ್ದು 1565ರಲ್ಲಿ. ಅಂದರೆ ವಿಜಯನಗರ ಹಾಳಾಗುವುದನ್ನು ಅವರು ಕಣ್ಣಾರೆ ನೋಡಲಿಲ್ಲ. ಹುಟ್ಟೂರಿನ ಬಗ್ಗೆ ಜಗಳವೇ ಇದೆ. ಪುಣೆಯ ಬಳಿಯ ಪುರಂದರಗಡ ಎಂದು ಬಹಳ ಕಾಲ ಹೇಳುತ್ತಿದ್ದರು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಕಡೆಯ ಕ್ಷೇಮಪುರ ಎಂಬ ವಾದಕ್ಕೆ ಈಚೆಗೆ ಬಲ ಬಂದಿದೆ. ಮೂಗುತಿಗೆ ಮಾತ್ರ ಶಾಸನವೂ ಇಲ್ಲ, ಕಡತವೂ ಇಲ್ಲ. ಅದು ಹರಿಕಥೆಯವರ ಬಾಯಲ್ಲಿ, ಅಜ್ಜಿಯರ ತೊಡೆಯ ಮೇಲೆ ಬೆಳೆದ ಕಥೆ.

ಹೀಗೆ ಹಾಡುಗಾರರ ಸುತ್ತ ಕಥೆ ಹುಟ್ಟುವುದು ನಮ್ಮಲ್ಲಿ ಮಾತ್ರ ಅಲ್ಲ. ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿ, ನಮ್ಮಲ್ಲಿ ಬಸವಣ್ಣನವರ ಕಾಲದಲ್ಲೇ, ‘ತ್ರುಬದೂರ್’ ಎಂಬ ಪ್ರೇಮಕವಿಗಳಿದ್ದರು. ಆಕ್ಸಿತಾನ್ ಎಂಬ ಅಲ್ಲಿನ ಆಡುಮಾತಿನಲ್ಲಿ ಹಾಡು ಕಟ್ಟಿ ರಾಗ ಹಾಕುತ್ತಿದ್ದರು. ಅವರಲ್ಲೊಬ್ಬ ಬ್ಲೇ ಎಂಬ ಊರಿನ ದೊರೆ, ಜೋಫ್ರೆ ರುದೆಲ್. ಟ್ರಿಪೋಲಿಯ ರಾಣಿಯ ಗುಣವನ್ನು ಯಾತ್ರಿಕರ ಬಾಯಲ್ಲಿ ಕೇಳಿಯೇ ಮನಸೋತನಂತೆ. ಮುಖ ನೋಡಿದವನಲ್ಲ! ಹಡಗು ಹತ್ತಿದ, ದಾರಿಯಲ್ಲೇ ಕಾಯಿಲೆ ಬಿದ್ದ, ಅವಳ ತೋಳಿನಲ್ಲಿ ಪ್ರಾಣ ಬಿಟ್ಟ. ಅವಳು ಅಂದೇ ಸನ್ಯಾಸಿನಿಯಾದಳು. ಇದನ್ನು ಬರೆದಿಟ್ಟದ್ದು ಅವನು ಸತ್ತು ಸುಮಾರು ನೂರು ವರ್ಷದ ಮೇಲೆ. ಅವನ ಹಾಡುಗಳಲ್ಲಿ ‘ದೂರದ ಪ್ರೀತಿ’ ಎಂಬ ಮಾತು ಬರುತ್ತದೆ, ಅಷ್ಟೆ. ಕೇಳಿದವರು ಅದಕ್ಕೊಬ್ಬ ರಾಣಿಯನ್ನೂ ಒಂದು ಹಡಗನ್ನೂ ಜೋಡಿಸಿದರು ಎನ್ನುತ್ತಾರೆ ವಿದ್ವಾಂಸರು. ಹಾಡು ಮುಂದೆ, ಕಥೆ ಹಿಂದೆ.

ನಮ್ಮ ದಾಸರ ವಿಷಯದಲ್ಲೂ ಹೀಗೇ ಆಗಿದ್ದರೆ ಆಶ್ಚರ್ಯವಿಲ್ಲ. ಅವರ ಹೆಸರಿನ ಪ್ರಸಿದ್ಧ ಕೀರ್ತನೆಯೊಂದಿದೆ, ನೀವೂ ಹಾಡಿರುತ್ತೀರಿ. ತಂಬೂರಿ ಹಿಡಿಯಲು ನಾಚಿ ತಲೆ ತಗ್ಗಿಸುತ್ತಿದ್ದ ತನಗೆ ಗೋಪಾಳಬುಟ್ಟಿ ಹಿಡಿಸಿದವಳು ಹೆಂಡತಿಯೇ, ಅಂಥವರ ಸಂತತಿ ಸಾವಿರವಾಗಲಿ ಎಂದು ದಾಸರು ಅದರಲ್ಲಿ ಹರಸುತ್ತಾರೆ. ಆ ಕೀರ್ತನೆಯಲ್ಲಿ ಮೂಗುತಿಯ ಸುದ್ದಿಯಿಲ್ಲ, ವಿಷವಂತೂ ಇಲ್ಲವೇ ಇಲ್ಲ. ಹೆಂಡತಿ ಇದ್ದಾಳೆ. ಯಾವ ಗಂಡಸು, ಅದೂ ಐನೂರು ವರ್ಷದ ಹಿಂದೆ, ನನ್ನನ್ನು ತಿದ್ದಿದವಳು ನನ್ನ ಹೆಂಡತಿ ಎಂದು ಬೀದಿಯಲ್ಲಿ ಹಾಡಿಕೊಂಡು ಹೋದಾನು, ಹೇಳಿ! ನನಗೆ ಕೇಳಿದರೆ ಪವಾಡವೆಂದರೆ ಅದೇ.

ಇನ್ನು ಹುಡುಗಿಯ ಪ್ರಶ್ನೆ. ಅದನ್ನು ತಮಾಷೆ ಎಂದು ತಳ್ಳಿಹಾಕುವ ಹಾಗಿಲ್ಲ. ಕಥೆಯೊಳಗಿನ ಬ್ರಾಹ್ಮಣ ಕೇಳಿದ್ದೇನು? ತವರಿನವರು ಕೊಟ್ಟದ್ದು. ಅಂದರೆ ಕಥೆ ಕಟ್ಟಿದವರಿಗೆ ಕಾನೂನು ಚೆನ್ನಾಗಿಯೇ ಗೊತ್ತಿತ್ತು. ತಂದೆ ತಾಯಿ ಅಣ್ಣತಮ್ಮಂದಿರು ಹೆಣ್ಣಿಗೆ ಕೊಟ್ಟದ್ದು ‘ಸ್ತ್ರೀಧನ’ ಎಂದು ಯಾಜ್ಞವಲ್ಕ್ಯ ಸ್ಮೃತಿಯೇ ಹೇಳುತ್ತದೆ. ಬರಗಾಲ, ಧರ್ಮಕಾರ್ಯ, ಕಾಯಿಲೆ, ಸೆರೆ, ಈ ನಾಲ್ಕು ಕಷ್ಟಗಳಲ್ಲಿ ಗಂಡ ಅದನ್ನು ಬಳಸಿಕೊಂಡರೆ ಹಿಂದಿರುಗಿಸಬೇಕಾಗಿಲ್ಲ; ಉಳಿದಂತೆ ಹಿಂದಿರುಗಿಸಬೇಕು. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದು ಸ್ತ್ರೀಧನದ ಅರ್ಥವನ್ನು ಇನ್ನೂ ಹಿಗ್ಗಿಸಿದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನು, ಇಂದಿನ ಬಸವಕಲ್ಯಾಣ. ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದವನು. ಶ್ರೀನಿವಾಸ ನಾಯಕನಿಗಿಂತ ನಾನೂರು ವರ್ಷ ಹಿಂದಿನ ಮಾತು ಇದು. ಹಾಗಿದ್ದ ಮೇಲೆ ಸರಸ್ವತಮ್ಮ ಕೊಟ್ಟದ್ದು ತನ್ನದೇ ಒಡವೆ. ಆಕೆ ಹೆದರಿದ್ದು ಶಾಸ್ತ್ರಕ್ಕಲ್ಲ, ಹೊಸ್ತಿಲ ಮೇಲೆ ನಿಂತು “ಎಲ್ಲಿ” ಎಂದು ಗದರಿದ ಗಂಡನಿಗೆ.

ಆ “ಎಲ್ಲಿ” ಈಗಲೂ ನಿಂತಿಲ್ಲ ಸೋದರಿಯರೇ. ಬಳೆ ಬ್ಯಾಂಕಿನಲ್ಲಿದೆಯೋ ಮಾರ್ವಾಡಿ ಅಂಗಡಿಯಲ್ಲಿದೆಯೋ ಗೊತ್ತಿಲ್ಲದೆ, ಕೇಳಿದರೆ ಮನಸ್ತಾಪ ಎಂದು ಬಾಯಿ ಮುಚ್ಚಿಕೊಂಡಿರುವವರು ನಮ್ಮ ನಡುವೆಯೇ ಇದ್ದಾರೆ. ಅವರಿಗಾಗಿ ಇಷ್ಟು ಹೇಳುತ್ತೇನೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಸೆಕ್ಷನ್ ಪ್ರಕಾರ ಹೆಣ್ಣಿಗೆ ಬಂದ ಇಂಥ ಸ್ವತ್ತಿಗೆ ಅವಳೇ ಪೂರ್ಣ ಒಡತಿ. 1985ರಲ್ಲಿ ಪ್ರತಿಭಾ ರಾಣಿ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಬಿಡಿಸಿ ಹೇಳಿತು: ಗಂಡನ ಮನೆಗೆ ಕಾಲಿಟ್ಟ ಮಾತ್ರಕ್ಕೆ ಸ್ತ್ರೀಧನ ಗಂಡಹೆಂಡಿರ ಜಂಟಿ ಆಸ್ತಿ ಆಗುವುದಿಲ್ಲ, ಅವರು ಅದನ್ನು ನಂಬಿಕೆಯ ಮೇಲೆ ಇಟ್ಟುಕೊಂಡವರು, ಕೇಳಿದಾಗ ಕೊಡದಿದ್ದರೆ ಅದು ನಂಬಿಕೆದ್ರೋಹದ ಅಪರಾಧ. ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿ ಬರೆದು ವಧೂವರರ ಸಹಿ ಹಾಕಿಸಬೇಕೆಂಬ ನಿಯಮ ಬಂದದ್ದೂ ಅದೇ 1985ರಲ್ಲಿ. ನಮ್ಮಲ್ಲಿ ಛತ್ರದ ಅಡುಗೆಯವರಿಗೆ ಸಾಮಾನಿನ ಪಟ್ಟಿ ಬರೆಯುತ್ತೇವೆ, ಇದನ್ನು ಬರೆಯುವುದಿಲ್ಲ! ಮಗಳ ಮದುವೆ ಗೊತ್ತಾಗಿರುವ ತಾಯಂದಿರು ಒಡವೆಯ ರಸೀದಿಗಳನ್ನು ಅವಳ ಹೆಸರಿನಲ್ಲೇ ಮಾಡಿಸಿ, ಒಂದು ಪ್ರತಿ ನಿಮ್ಮ ಟ್ರಂಕಿನಲ್ಲಿರಲಿ.

ಮತ್ತೆ ಸರಸ್ವತಮ್ಮನ ಬಳಿಗೆ ಬರೋಣ. ಇನ್ನೊಂದು ಕಥೆಯನ್ನೂ ಹೇಳುತ್ತಾರೆ. ಮನೆ ಬಿಟ್ಟು ಹೋಗುವಾಗ ಕಾಡುದಾರಿಯಲ್ಲಿ ಆಕೆಗೆ ಕಳ್ಳರ ಭಯವಾಯಿತಂತೆ. ಕೈಯಲ್ಲಿ ಏನಿದೆ ಎಂದು ಗಂಡ ಕೇಳಿದರೆ, ನೀರು ಕುಡಿಯಲೆಂದು ತಂದ ಚಿನ್ನದ ಬಟ್ಟಲು. ಅದನ್ನು ಎಸೆದ ಮೇಲೆ ಭಯವೂ ಹೋಯಿತಂತೆ. ಈ ಕಥೆ ನನಗೆ ಅಷ್ಟಾಗಿ ರುಚಿಸುವುದಿಲ್ಲ. ನಿನ್ನೆ ಮೂಗುತಿ ಬಿಚ್ಚಿಕೊಟ್ಟವಳಿಗೆ ಇಂದು ಬಟ್ಟಲಿನ ಮೋಹವೇ? ಗುರುವಾದ ಹೆಂಡತಿಯನ್ನು ಮತ್ತೆ ಶಿಷ್ಯಳ ಸಾಲಿನಲ್ಲಿ ಕೂರಿಸಲು ಯಾರೋ ಸೇರಿಸಿದ್ದಿರಬೇಕು. ಅಥವಾ ಮಕ್ಕಳಿಗೆ ಬಾಯಾರಿದರೆ ಬೇಕಾದೀತು ಎಂದು ಕೈಗೆ ಸಿಕ್ಕ ಬಟ್ಟಲನ್ನು ಎತ್ತಿಕೊಂಡಳೋ ಏನೋ, ತಾಯಿಯಲ್ಲವೇ!

ಹಂಪಿಯ ಸಂಸಾರ ಹೇಗಿದ್ದಿರಬಹುದು ಎಂಬುದನ್ನು ನಾವು ಅಡುಗೆಮನೆಯಿಂದಲೇ ಯೋಚಿಸಬೇಕು. ದಾಸರು ಬೆಳಿಗ್ಗೆ ಕಾಲಿಗೆ ಗೆಜ್ಜೆ, ಕೈಗೆ ತಂಬೂರಿ, ಕೊರಳಿಗೆ ತುಳಸಿಮಾಲೆ ಹಾಕಿಕೊಂಡು ಬೀದಿಗೆ ಹೊರಟರೆ, ಬುಟ್ಟಿಗೆ ಬಿದ್ದ ಅಕ್ಕಿಯೇ ಅಂದಿನ ಅನ್ನ. ನಾಳೆಗೆಂದು ಕೂಡಿಡುವ ಹಾಗಿಲ್ಲ. ಅದರಲ್ಲೇ ಮನೆಮಂದಿಗೂ ಬಂದವರಿಗೂ ಬಡಿಸಿದವಳ ಲೆಕ್ಕಾಚಾರ ಸಣ್ಣದೇ? ದಾಸರ ಹಾಡಿನಲ್ಲಿ ರಾಗಿ, ಪಾಯಸ, ಕಲ್ಲುಸಕ್ಕರೆ ಎಂದು ಅಡುಗೆಮನೆಯ ಮಾತು ಮತ್ತೆ ಮತ್ತೆ ಬರುವುದನ್ನು ಕಂಡಾಗಲೆಲ್ಲ, ಅವು ಯಾರ ಬಾಯಿಂದ ಅವರ ಕಿವಿಗೆ ಬಿದ್ದವೋ ಎಂದುಕೊಳ್ಳುತ್ತೇನೆ. ಅವರು 4,75,000 ಕೀರ್ತನೆ ರಚಿಸಿದರೆಂದು ಪರಂಪರೆ ಹೇಳುತ್ತದೆ. ನಮಗೆ ಉಳಿದಿರುವುದು ಸಾವಿರದ ಆಸುಪಾಸು. ಹಾಗೆ ಉಳಿದದ್ದರಲ್ಲಿ ಬಾಯಿಂದ ಬಾಯಿಗೆ ದಾಟಿಸಿದ ಹೆಂಗಸರ ಪಾಲು ದೊಡ್ಡದು. ತ್ಯಾಗರಾಜರೂ ದಾಸರ ಪದಗಳನ್ನು ಮೊದಲು ಕೇಳಿದ್ದು ತಮ್ಮ ತಾಯಿಯ ಬಾಯಲ್ಲಿ ಎನ್ನುತ್ತಾರೆ. ಇಂದಿಗೂ ನಿಮ್ಮ ಮಗಳು ಪಾಠಕ್ಕೆ ಕೂತು ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಶುರು ಮಾಡಿದರೆ, ಆ ಕ್ರಮ ಹಾಕಿಕೊಟ್ಟವರು ಪುರಂದರದಾಸರೇ ಎಂಬುದು ಸಂಗೀತಗಾರರ ನಂಬಿಕೆ.

ಹಂಪಿಗೆ ಹೋಗುವ ಆಸೆಯಿದ್ದರೆ ಮಳೆಗಾಲ ಬೇಡ. ವಿಜಯವಿಠ್ಠಲ ದೇವಸ್ಥಾನದ ಹತ್ತಿರ ಹೊಳೆಯ ದಂಡೆಯಲ್ಲೇ ಪುರಂದರ ಮಂಟಪವಿದೆ. ತುಂಗಭದ್ರಾ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟರೆ ಅದು ಮುಳುಗಿಬಿಡುತ್ತದೆ. ಪುಷ್ಯದ ಹೊತ್ತಿಗೆ ನೀರು ಇಳಿದಿರುತ್ತದೆ, ಆರಾಧನೆಯೂ ಆಗಲೇ. ಹಂಪಿ ಎಕ್ಸ್‌ಪ್ರೆಸ್ ನಮ್ಮ ಯಲಹಂಕದ ಮೇಲೇ ಹೋಗುತ್ತದೆ. ರಾತ್ರಿ ಹತ್ತಿದರೆ ಬೆಳಿಗ್ಗೆ ಹೊಸಪೇಟೆ, ಅಲ್ಲಿಂದ ಬಸ್ಸು. ಬುತ್ತಿಗೆ ಪುಳಿಯೋಗರೆ ಕಟ್ಟಿಕೊಳ್ಳಿ. ಬಿಸಿಲು ಏರುವ ಮೊದಲೇ ಮಂಟಪ ಸೇರಿಕೊಂಡರೆ ಕಂಬಕ್ಕೆ ಒರಗಿ, ಹೊಳೆ ನೋಡುತ್ತಾ ನಾಲ್ಕು ಪದ ಹಾಡಿಕೊಳ್ಳಬಹುದು.